ಚೆಲುವಮ್ಮ ಕೇಳುವ ಹೆಸರು

ಬೆಳಗಿನ ಐದೂವರೆ ಗಂಟೆ. ಮೈಸೂರಿನ ಆಸ್ಪತ್ರೆಯೊಂದರ ಮಕ್ಕಳ ವಾರ್ಡು. ಎಲ್ಲಕ್ಕಿಂತ ಹಿಂದಿರುವ ಕೊನೇ ರೂಮಿನಲ್ಲಿ ಉದ್ದ ಮೂತಿಯ ಕೆಟಲೊಂದು ಸೀಮೆಎಣ್ಣೆ ಸ್ಟೌವಿನ ಮೇಲೆ ಬುಸುಗುಡುತ್ತಿದೆ. ಅದರ ಮೂತಿ ನಾಲ್ಕನೇ ಮಂಚದ ಮೇಲೆ ದುಪ್ಪಟಿಯಿಂದ ಕಟ್ಟಿದ ಡೇರೆಯೊಳಕ್ಕೆ ಚಾಚಿದೆ. ಡೇರೆಯೊಳಗೆ ಹಬೆ. ಹಬೆಯೊಳಗೆ ನಾಲ್ಕು ವರ್ಷದ ಒಂದು ಗಂಡುಮಗು. ಇದರ ಊರಿನಲ್ಲಿ ಈ ವಯಸ್ಸಿನ ಮಕ್ಕಳ ಕೊರಳಲ್ಲಿ ಬೆಳ್ಳಿಯ ಕರಡಿಗೆ ತೂಗುತ್ತದೆ. ಇದರ ಕೊರಳಲ್ಲಿ, ಗಂಟಲ ಗುಳಿಗೇ ತೂತು ಕೊರೆದು ಕೂರಿಸಿದ ಬೆಳ್ಳಿಯ ಕೊಳವೆ ಇದೆ. ಉಸಿರು ಅದರಲ್ಲೇ ಹೋಗಿ ಅದರಲ್ಲೇ ಬರುತ್ತದೆ.

ನರ್ಸ್ ಚೆಲುವಮ್ಮನವರು ಡೇರೆಯೊಳಗೆ ಕೈ ಹಾಕಿ ಕೊಳವೆಯ ಒಳಗಿನ ನಳಿಗೆಯನ್ನು ತೆಗೆಯುತ್ತಾರೆ. ಸೋಡದ ನೀರಿನಲ್ಲಿ ಅದ್ದುತ್ತಾರೆ, ಗರಿಯಿಂದ ಒಳಗೆಲ್ಲ ಒರೆಸುತ್ತಾರೆ, ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡುತ್ತಾರೆ, ಮತ್ತೆ ಕೂರಿಸುತ್ತಾರೆ. ಆಮೇಲೆ ಬಗ್ಗಿ ಮೆಲ್ಲಗೆ ಕರೆಯುತ್ತಾರೆ.

"ಬಸವರಾಜು."

ಮಗು ಚಾವಣಿಯನ್ನೇ ನೋಡುತ್ತಿದೆ.

"ಬಸವರಾಜೂ, ಇಲ್ಲಿ ನೋಡಪ್ಪ."

ಕೊಳವೆ ಹಾಕಿದ ಮಗುವಿಗೆ ದನಿ ಇರುವುದಿಲ್ಲ. ಅಳುವುದೂ ಸದ್ದಿಲ್ಲದೆ. ಆದರೆ ಕಿವಿ ಕೇಳುತ್ತದೆ. ತನ್ನ ಹೆಸರು ಕಿವಿಗೆ ಬಿದ್ದರೆ ಎಂಥ ಜ್ವರದಲ್ಲೂ ಕಣ್ಣುಗುಡ್ಡೆ ಒಂದಿಷ್ಟು ಹೊರಳುತ್ತದೆ. ಹನ್ನೊಂದು ವರ್ಷದಿಂದ ಚೆಲುವಮ್ಮ ಆ ಹೊರಳುವಿಕೆಯನ್ನು ಕಾಯುತ್ತಾ ಬಂದಿದ್ದಾರೆ. ನೆಟ್ಟಗಾಗಿ, ಪಕ್ಕದಲ್ಲಿ ಟೆಂಪರೇಚರ್ ಬರೆಯುತ್ತಿರುವ ಕಿರಿಯ ನರ್ಸ್ ಪ್ರೇಮಲೀಲಾಗೆ ಹೇಳುತ್ತಾರೆ: "ಇವನು ಬಸವರಾಜು ಅಲ್ಲ ಕಣಮ್ಮ."

"ಕೇಸ್ ಶೀಟಲ್ಲಿ ಹಂಗೇ ಇದೆಯಲ್ಲಕ್ಕಾ."

"ಶೀಟಲ್ಲಿರೋನು ಬಸವರಾಜು. ಇಲ್ಲಿ ಮಲಗಿರೋನು ಬೇರೆ ಯಾರೋ."

ಚೆಲುವಮ್ಮನವರಿಗೆ ಈಗ ನಲವತ್ತಾರು. ಶ್ರೀರಂಗಪಟ್ಟಣದ ಆಚೆಯ ಹಳ್ಳಿಯೊಂದರ ಬೇಸಾಯದ ಮನೆಯವರು. ಹದಿನೇಳನೇ ವಯಸ್ಸಿನಲ್ಲಿ ಗಂಡ ಪ್ಲೇಗಿನಲ್ಲಿ ಹೋದ. ಅತ್ತೆಯ ಮನೆಯವರು ಅವರನ್ನು ತವರಿಗೂ, ತವರಿನವರು ಮೈಸೂರಿನ ನರ್ಸುಗಳ ಹಾಸ್ಟೆಲಿಗೂ ಸಾಗಹಾಕಿದರು. "ಅಣ್ಣ ಗಾಡೀಲಿ ತಂದು ಬುಟ್ಟ. ಸಂಜೆ ಬರ್ತೀನಿ ಅಂದ. ಯಾವ ಸಂಜೆ ಅಂತ ಹೇಳ್ಲಿಲ್ಲ," ಎನ್ನುತ್ತಾ ನಗುತ್ತಾರೆ. ಮಕ್ಕಳಿಲ್ಲ. ಒಂಟಿಕೊಪ್ಪಲಿನಲ್ಲಿ ಒಂದೇ ಕೋಣೆಯ ಬಾಡಿಗೆ ಬಿಡಾರ. ಆರು ಗಂಟೆಯ ಡ್ಯೂಟಿಗೆ ಐದಕ್ಕೇ ಬಂದುಬಿಡುವುದು ಯಾಕೆಂದರೆ, ಅಲ್ಲಿ ಎಚ್ಚರವಾದ ಮೇಲೆ ಮಾತನಾಡಿಸುವವರು ಯಾರೂ ಇಲ್ಲ.

ಕೊನೇ ರೂಮಿನಲ್ಲಿ ನಾಲ್ಕು ಮಂಚಗಳಿವೆ. ಡಿಫ್ತೀರಿಯಾ, ಹಳ್ಳಿಯವರು ಹೇಳುವ ಗಂಟಲಮಾರಿ, ಇಲ್ಲಿಗೆ ಬರುತ್ತದೆ. ಕೆಟಲಿಗೆ ನಲವತ್ತು ನಿಮಿಷಕ್ಕೊಮ್ಮೆ ನೀರು, ಕೊಳವೆಗೆ ಗಂಟೆಗೊಮ್ಮೆ ಗರಿ, ನಾಡಿಗೆ ಕಾಲುಗಂಟೆಗೊಮ್ಮೆ ಬೆರಳು. ಹನ್ನೆರಡು ಗಂಟೆಯ ಡ್ಯೂಟಿಯಲ್ಲಿ ಒಂದೊಂದು ಮಗುವಿನ ನಾಡಿ ನಲವತ್ತೆಂಟು ಸಲ. ಹೆಚ್ಚಿನ ಮಕ್ಕಳು ಹದಿನೈದು ಇಪ್ಪತ್ತು ದಿನಕ್ಕೆ ತಮ್ಮ ಕಾಲಲ್ಲೇ ನಡೆದು ಹೋಗುತ್ತವೆ. ತಿಂಗಳಿಗೆ ಎರಡೋ ಮೂರೋ ಹೋಗುವುದಿಲ್ಲ. ರೂಮಿನಲ್ಲಿ ಕುರ್ಚಿಯಾಗಲಿ ಸ್ಟೂಲಾಗಲಿ ಇಲ್ಲ. ಡ್ಯೂಟಿಯಲ್ಲಿ ನರ್ಸು ಕೂರಕೂಡದು ಎಂಬುದು ಒಂದು ರೂಲು. ಅಂಟುಜಾಡ್ಯವಾದ್ದರಿಂದ ತಾಯಿತಂದೆಯರು ಒಳಗೆ ಬರಕೂಡದು ಎಂಬುದು ಇನ್ನೊಂದು. ಅವರು ಹಿಂದಿನ ಅಂಗಳದ ಹೊಂಗೆ ಮರದ ಕೆಳಗೆ ಇರುತ್ತಾರೆ, ಸಂಜೆ ನಾಲ್ಕರಿಂದ ಆರರವರೆಗೆ ಕಿಟಕಿಯ ಗಾಜಿನಲ್ಲಿ ನೋಡಬಹುದು. ಗಾಜಿಗೆ ಅರ್ಧದವರೆಗೆ ಬಿಳಿ ಬಣ್ಣ ಬಳಿದಿದೆ. ಕುಳ್ಳಗಿರುವ ತಾಯಂದಿರು ಇಟ್ಟಿಗೆ ತಂದು ಹಾಕಿಕೊಂಡು ನಿಲ್ಲುತ್ತಾರೆ.

ನಲವತ್ತೊಂಬತ್ತನೇ ಇಸವಿಯ ಒಂದು ಮಧ್ಯಾಹ್ನ ಇದೇ ರೂಮಿನಲ್ಲಿ ರಾಜಶೇಖರ ಎಂಬ ಮಗು ಕೊನೆಗಾಣುತ್ತಿತ್ತು. ಚೆಲುವಮ್ಮ ಅದರ ಅಂಗೈ ಹಿಡಿದು ಹನ್ನೆರಡರಿಂದ ನಾಲ್ಕರವರೆಗೆ ಕರೆದರು. ರಾಜಶೇಖರ, ರಾಜಶೇಖರ, ಇಲ್ಲೇ ಇದೀನಿ ಕಣೋ. ಮಗು ಒಂದು ಸಲವೂ ಅವರ ಕಡೆ ತಿರುಗಲಿಲ್ಲ. ಬಾಗಿಲನ್ನೇ ನೋಡುತ್ತಾ ಹೋಯಿತು. ಆಮೇಲೆ ತಾಯಿಯನ್ನು ಒಳಗೆ ಬಿಟ್ಟರು. ಅವಳು ಬಂದವಳೇ ಮೈಮೇಲೆ ಬಿದ್ದು ಕೂಗಿದ್ದು, "ತಿಪ್ಪಾ, ಏಳೋ ನನ್ ತಿಪ್ಪಾ."

ಮುಂಚಿನ ಕೂಸುಗಳು ಉಳಿಯದ ಮನೆಯಲ್ಲಿ, ಹುಟ್ಟಿದ ಮಗುವನ್ನು ತಿಪ್ಪೆಯ ಮೇಲೊಮ್ಮೆ ಹೊರಳಿಸಿ ತಿಪ್ಪ ಎಂದೋ ಹುಚ್ಚ ಎಂದೋ ಹೆಸರಿಡುತ್ತಾರೆ. ಕಸವೆಂದುಕೊಂಡು ಜವರಾಯ ಬಿಟ್ಟು ಹೋಗಲಿ ಎಂದು. ಆ ತಾಯಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಳು. ಆಸ್ಪತ್ರೆಯ ಪುಸ್ತಕದಲ್ಲಿ ಬೇರೆಯೇ ಹೆಸರು ಬರೆಸಿದ್ದಳು. ಜವರಾಯ ಪುಸ್ತಕ ತೆಗೆದು ಹುಡುಕಿದರೂ ಮಗ ಸಿಗಬಾರದು. "ಜವರಾಯನಿಗೇನೋ ಸಿಕ್ದ," ಎನ್ನುತ್ತಾರೆ ಚೆಲುವಮ್ಮ. "ಸಿಗದೇ ಹೋದದ್ದು ನಂಗೆ. ನಾಲ್ಕು ಗಂಟೆ ಹೊತ್ತು ಅವನ ಪಕ್ಕದಲ್ಲಿ ನಿಂತು ಇನ್ಯಾರನ್ನೋ ಕರೀತಾ ಇದ್ದೆ."

ಅಂದಿನಿಂದ ಅವರು ತಾಯಂದಿರನ್ನು ಕೇಳತೊಡಗಿದರು: ಮನೆಯಲ್ಲಿ ಏನಂತ ಕರೀತೀರವ್ವ? ಹೇಳಿದ್ದನ್ನು ಬರೆದಿಡುವುದಿಲ್ಲ. ಬರೆದರೆ ಅದೂ ಒಂದು ಪುಸ್ತಕವೇ ಆಗುತ್ತದೆ. ನೆನಪಿನಲ್ಲಿಟ್ಟುಕೊಳ್ಳುತ್ತಾರೆ. ಕೆಲವು ಮರೆತೂ ಹೋಗಿವೆ ಎಂದು ಒಪ್ಪಿಕೊಳ್ಳುತ್ತಾರೆ.

ಆದರೆ ಹೊಂಗೆ ಮರದ ಕೆಳಗಿನವರಿಗೂ ಲೆಕ್ಕ ಬರುತ್ತದೆ. ಆ ನರ್ಸು ಬಂದು ಹೆಸರು ಕೇಳಿದರೆ ಎರಡು ದಿನದಲ್ಲಿ ಮಗು ಹೋಗುತ್ತದೆ ಎಂಬ ಮಾತು ಒಬ್ಬರಿಂದ ಒಬ್ಬರಿಗೆ ಹಬ್ಬಿತು. ಗೊತ್ತಾದಾಗ ಚೆಲುವಮ್ಮ ಎಲ್ಲ ಮಕ್ಕಳ ಹೆಸರನ್ನೂ ಕೇಳತೊಡಗಿದರು, ಕೆಮ್ಮು ನೆಗಡಿಗೆ ಬಂದವರದನ್ನೂ. ಮಾತು ಮಾತ್ರ ಸಾಯಲಿಲ್ಲ. ಅದು ಒಂಟಿಕೊಪ್ಪಲಿಗೂ ನಡೆದು ಬಂದಿದೆ. ಬಾಡಿಗೆ ಮನೆಯ ಯಜಮಾನರು ವೆಂಕಟಸುಬ್ಬಯ್ಯನವರು, ಅರಮನೆಯ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು, ಒಳ್ಳೆಯ ಮನುಷ್ಯ. ಸೊಸೆ ಭಾನುಮತಿ ಹೆತ್ತಿದ್ದಾಳೆ. ಬರುವ ಭಾನುವಾರ ನಾಮಕರಣ, ಹಜಾರದಲ್ಲಿ ತೊಟ್ಟಿಲು ತೂಗುಹಾಕಿ ಆಗಿದೆ. ಮೊನ್ನೆ ಅವರು ಚೆಲುವಮ್ಮನವರನ್ನು ನಲ್ಲಿಯ ಹತ್ತಿರ ಕಂಡು ಕೇಳಿದರು: "ಭಾನುವಾರ ನಿಮಗೆ ಡ್ಯೂಟಿ ಇರುತ್ತಲ್ವೇನಮ್ಮ?"

ವಾರದ ರಜೆ ಇದ್ದದ್ದೇ ಭಾನುವಾರ. "ಹೌದು ರಾಯರೇ, ಡ್ಯೂಟಿ," ಎಂದರು ಚೆಲುವಮ್ಮ. ಸುಳ್ಳಾಗಬಾರದೆಂದು ಆ ಭಾನುವಾರದ ಡ್ಯೂಟಿಯನ್ನು ಹಾಕಿಸಿಕೊಂಡೂ ಬಂದರು.

ಎಂಟು ಗಂಟೆಗೆ ಡಾಕ್ಟರು ಬರುತ್ತಾರೆ. ನಾಲ್ಕನೇ ಮಂಚದ ಮಗುವಿನ ಎದೆಗೆ ಸ್ಟೆತಸ್ಕೋಪು ಇಟ್ಟು ಬಹಳ ಹೊತ್ತು ಕೇಳುತ್ತಾರೆ. ನಂಜಿಳಿಸುವ ಸೀರಮ್ಮು ಕೊಡುವಷ್ಟರಲ್ಲೇ ತಡವಾಗಿತ್ತು. ಗಂಟಲು ಬಿಟ್ಟ ನಂಜು ಈ ಒಂಬತ್ತು ದಿನದಲ್ಲಿ ಗುಂಡಿಗೆಗೆ ಇಳಿದಿದೆ. "ಮಧ್ಯಾಹ್ನ ದಾಟೋದು ಕಷ್ಟ ಚೆಲುವಮ್ಮ," ಎಂದು ಹೇಳಿ, ಕೈ ತೊಳೆದು, ಮುಂದಿನ ವಾರ್ಡಿಗೆ ಹೋಗುತ್ತಾರೆ.

ಚೆಲುವಮ್ಮ ಹಿಂಬಾಗಿಲಿನಿಂದ ಅಂಗಳಕ್ಕೆ ಇಳಿಯುತ್ತಾರೆ. ಮರದ ಕೆಳಗೆ ಒಬ್ಬಳು ಮಡಿಲ ಕೂಸಿನ ಮೇಲೆ ಸೆರಗೆಳೆದು ಆಚೆ ತಿರುಗಿ ಕೂರುತ್ತಾಳೆ. "ಬಂದ್ಲು ಕಣೆ, ಹೆಸರು ಕೇಳೋಳು," ಎನ್ನುವುದು ಸ್ಪಷ್ಟವಾಗಿ ಕೇಳಿಸುತ್ತದೆ.

ನಾಲ್ಕನೇ ಮಂಚದ ತಾಯಿ ಶಿವನಂಜಮ್ಮ, ನಂಜನಗೂಡಿನ ಆಚೆಯವಳು, ಮೂರು ಕಲ್ಲು ಹೂಡಿ ಗಂಜಿ ಕಾಯಿಸುತ್ತಿದ್ದಾಳೆ. ಚೆಲುವಮ್ಮ ಅವಳ ಎದುರು ಕುಕ್ಕರುಗಾಲಲ್ಲಿ ಕೂರುತ್ತಾರೆ.

"ಉಂಡ್ಯೇನವ್ವ?"

"ಅವ್ನು ಉಂಡ್ರೆ ಉಂಡೇನು." ಆಕೆ ಸೌಟು ಆಡಿಸುವುದನ್ನು ನಿಲ್ಲಿಸುವುದಿಲ್ಲ. "ನೀವ್ ಯಾಕ್ ಬಂದ್ರಿ ಅಂತ ನಂಗೊತ್ತು ನರ್ಸಮ್ಮಾರೆ. ಕೇಳ್ಬ್ಯಾಡಿ."

"ಎಲ್ಲಾರ್ನೂ ಕೇಳ್ತೀನಿ ಕಣವ್ವ. ಮೊನ್ನೆ ನಡ್ಕೊಂಡು ಹೋದ್ಲಲ್ಲ, ಗಾಣದೋರ ಹುಡುಗಿ, ಅವಳ್ದೂ ಕೇಳಿದ್ದೆ."

"ಅವರವ್ವನ ತಾವ ನಿಂತ್ಕಂಡು, ನಗ್ತಾ ಕೇಳಿದ್ರಿ. ನಾನೂ ಇಲ್ಲೇ ಇದ್ದೆ. ನನ್ ತಾವ ಕೂತ್ಕಂಡ್ರಿ."

ಹನ್ನೊಂದು ವರ್ಷದಲ್ಲಿ ಇದನ್ನು ಯಾರೂ ಹೇಳಿರಲಿಲ್ಲ. ಚೆಲುವಮ್ಮನಿಗೂ ಗೊತ್ತಿರಲಿಲ್ಲ. ಒಲೆಯ ಹೊಗೆ ಇಬ್ಬರ ನಡುವೆ ಸುತ್ತುತ್ತದೆ.

"ಮೂರ್ ಮಕ್ಳಿಗೆ ಊರ್ಗೆಲ್ಲಾ ಕೇಳೋ ಅಂಗೆ ಹೆಸರಿಟ್ಟೆ. ಮೂರೂ ಒಂಟೋದೊ," ಎನ್ನುತ್ತಾಳೆ ಶಿವನಂಜಮ್ಮ. "ಇವನ್ದು ನನ್ನೊಬ್ಳ ತಾವ ಮಡಿಕ್ಕಂಡಿವ್ನಿ. ಯಾರ್ಗೂ ಕೊಡಾಕಿಲ್ಲ."

"ಕೊಡಬ್ಯಾಡ. ನಾನು ಕೇಳಲ್ಲ ಬುಡು. ನೀನೇ ಬಂದು ಕರಿ."

ಸೌಟು ನಿಲ್ಲುತ್ತದೆ. "ಒಳೀಕೆ ಬುಟ್ಟಾರಾ?"

"ಬುಡಲ್ಲ. ಬಾ."

ಮೈಲಿಗೆ ಬಟ್ಟೆ ಸಾಗಿಸುವ ಬಾಗಿಲಿನಿಂದ ಇಬ್ಬರೂ ಒಳಗೆ ಬರುತ್ತಾರೆ. ಚೆಲುವಮ್ಮ ಗೂಟದಿಂದ ತಮ್ಮ ಗೌನು ತೆಗೆದು ಅವಳಿಗೆ ತೊಡಿಸಿ, ಮೂಗಿನ ಮೇಲೆ ಬಟ್ಟೆ ಕಟ್ಟುತ್ತಾರೆ. ಪ್ರೇಮಲೀಲಾ ಗಡಿಯಾರ ನೋಡುತ್ತಾಳೆ.

"ಅಕ್ಕಾ, ಹತ್ತಕ್ಕೆ ಮೇಟ್ರನ್ ಬರ್ತಾರೆ."

"ಬರ್ಲಿ. ಒಂಬತ್ತು ದಿನದ ಹಿಂದಿನವರೆಗೂ ಇವಳ ಮಡಿಲಲ್ಲೇ ಮಲಗಿತ್ತು ಮಗು. ಹತ್ತೋದಿದ್ರೆ ಆಗ್ಲೇ ಹತ್ತಿರೋದು. ನೀನು ಕೆಟಲಿಗೆ ನೀರು ಹಾಕು."

ಶಿವನಂಜಮ್ಮ ದುಪ್ಪಟಿಯ ಅಂಚೆತ್ತಿ ತಲೆ ಒಳಗೆ ಹಾಕುತ್ತಾಳೆ. ಹಬೆಯಲ್ಲಿ ಅವಳ ಬೆನ್ನು ಮಾತ್ರ ಕಾಣುತ್ತದೆ. ಹೆಸರು ಕರೆಯುವ ಮೊದಲು ತಿರುಗಿ, ನಿಂತಿರುವ ಇಬ್ಬರನ್ನೂ ನೋಡಿ, ಕಾಯುತ್ತಾಳೆ. ಚೆಲುವಮ್ಮನಿಗೆ ಅರ್ಥವಾಗುತ್ತದೆ. ಪ್ರೇಮಲೀಲಾಳ ಭುಜ ಹಿಡಿದು ಕಿಟಕಿಯ ಕಡೆ ತಿರುಗಿಸಿ, ತಾವೂ ತಿರುಗಿ ನಿಲ್ಲುತ್ತಾರೆ. ತೊಟ್ಟಿಲ ಶಾಸ್ತ್ರದಲ್ಲಿ ಸೋದರತ್ತೆ ಕೂಸಿನ ಕಿವಿಗೆ ಬಾಯಿಟ್ಟು ಹೇಳುವ ಹಾಗೆ ತಾಯಿ ಏನನ್ನೋ ಹೇಳುತ್ತಾಳೆ. ಹೆಸರು ಇವರಿಗೆ ಕೇಳಿಸುವುದಿಲ್ಲ. ಕೆಟಲಿನ ಸದ್ದು ಕೇಳುತ್ತದೆ. ಆಮೇಲೆ ಕೇಳುವುದು ಶಿವನಂಜಮ್ಮನ ಮಾತು: "ನೋಡ್ದ. ನೋಡ್ದ ಕಣಕ್ಕಾ."

ಅಂಗಳದಲ್ಲಿ ನರ್ಸಮ್ಮಾರೆ ಆಗಿದ್ದವರು ಈಗ ಅಕ್ಕ.

ಆಕೆ ಒಂದೂವರೆ ಗಂಟೆ ಹಾಗೇ ಬಗ್ಗಿ ನಿಲ್ಲುತ್ತಾಳೆ. ಕೂರಲು ಏನೂ ಇಲ್ಲ. ಮಂಚದ ಕಂಬಿ ಎದೆಗೆ ಒತ್ತುತ್ತದೆ. ನಡುವೆ ಅವಳ ಸೊಂಟ ಕುಸಿದಾಗ ಚೆಲುವಮ್ಮ ಹಿಂದಿನಿಂದ ಎರಡೂ ಕೈ ಕೊಟ್ಟು ಹಿಡಿಯುತ್ತಾರೆ, ಕಾಲುಗಂಟೆಗೊಮ್ಮೆ ಒಂದು ಕೈ ಬಿಡಿಸಿ ನಾಡಿ ನೋಡುತ್ತಾರೆ. ಹತ್ತಕ್ಕೆ ಮೇಟ್ರನ್ ಬಾಗಿಲಲ್ಲಿ ನಿಲ್ಲುತ್ತಾರೆ. ಅವರ ಕಣ್ಣಿಗೆ ಬೀಳುವುದು ತಾಯಿಯ ಬಿಳಿ ಗೌನಿನ ಕೆಳಗೆ ಮಣ್ಣು ಮೆತ್ತಿದ ಬರಿಗಾಲು, ಕಾಲುಂಗುರ. ನೋಡಿಕೊಂಡು ಹೊರಟು ಹೋಗುತ್ತಾರೆ. ಹತ್ತು ನಲವತ್ತಕ್ಕೆ ಚೆಲುವಮ್ಮನ ಬೆರಳಿನ ಕೆಳಗೆ ನಾಡಿ ಎರಡು ಸಲ ಎಡವಿ, ಆಮೇಲೆ ಇಲ್ಲ.

ಅವರು ಸ್ಟೌವು ಆರಿಸುತ್ತಾರೆ. ಒಂಬತ್ತು ದಿನದ ನಂತರ ರೂಮಿನಲ್ಲಿ ಕೆಟಲಿನ ಸದ್ದಿಲ್ಲ. ಕೊಳವೆ ತೆಗೆದು, ಕೊರಳ ತೂತನ್ನು ಹತ್ತಿಯಿಂದ ಮುಚ್ಚಿ, ಮಗುವಿನ ಮುಖ ಒರೆಸಿ, ತಾಯಿಯ ತೋಳಿಗೆ ಕೊಡುತ್ತಾರೆ. ಹೋಗುವಾಗ ಶಿವನಂಜಮ್ಮ ತಿರುಗಿ ನೋಡುವುದಿಲ್ಲ. ಮರದ ಕೆಳಗಿನ ಹೆಂಗಸರು ಅಂಗಳದ ಆ ತುದಿಯವರೆಗೂ ಅವಳ ಸುತ್ತ ನಡೆಯುತ್ತಾರೆ. ಹಿಂಬಾಗಿಲಲ್ಲಿ ನಿಂತ ಚೆಲುವಮ್ಮನ ಕಡೆ ಒಬ್ಬರೂ ಬರುವುದಿಲ್ಲ.

ಮಧ್ಯಾಹ್ನ ಮೆಮೊ ಬರುತ್ತದೆ. ಹೊರಗಿನವರನ್ನು ರೂಮಿನೊಳಕ್ಕೆ ಬಿಟ್ಟಿದ್ದಕ್ಕೆ ಸಂಜೆಯೊಳಗೆ ಸಮಜಾಯಿಷಿ ಬರೆದು ಕೊಡತಕ್ಕದ್ದು. ಕೆಲಸಕ್ಕೇ ಸಂಚಕಾರ ಬಂದೀತು ಎಂದು ಪ್ರೇಮಲೀಲಾಗೆ ಭಯ. "ಕಾಲು ಹಿಡ್ಕೊಂಡು ಒಳಗೆ ಬಂದ್ಬುಟ್ಲು, ತಡೆಯೋಕಾಗ್ಲಿಲ್ಲ ಅಂತ ಬರೀರಕ್ಕಾ. ಇಲ್ದಿದ್ರೆ ನಿಮ್ಮನ್ನ ಈ ರೂಮಿಂದ ತೆಗೆದ್ಬಿಡ್ತಾರೆ."

"ಅವಳು ಯಾರ ಕಾಲೂ ಹಿಡೀಲಿಲ್ಲ," ಎನ್ನುತ್ತಾರೆ ಚೆಲುವಮ್ಮ.

ನಾಲ್ಕನೇ ಮಂಚಕ್ಕೆ ಹೊಸ ದುಪ್ಪಟಿ ಹಾಸಿಯಾಗಿದೆ. ಕೇಸ್ ಶೀಟಿನ ಹಲಗೆಯನ್ನೇ ಕಿಟಕಿಯ ಕಟ್ಟೆಗೆ ಒರಗಿಸಿಕೊಂಡು, ನಿಂತೇ, ದಪ್ಪ ದಪ್ಪ ಕನ್ನಡ ಅಕ್ಷರಗಳಲ್ಲಿ ಬರೆದು, ಇಂಗ್ಲಿಷಿಗೆ ಹಾಕು ಎಂದು ಪ್ರೇಮಲೀಲಾಗೆ ಚಾಚುತ್ತಾರೆ. ಅವಳು ಓದುತ್ತಾಳೆ.

"ಮಗುವಿನ ಹೆಸರು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದವರನ್ನು ಕರೆದುಕೊಂಡು ಬಂದೆನು. ಅವರು ಒಂದೂವರೆ ಗಂಟೆ ನಿಂತೇ ಇದ್ದರು. ಈ ರೂಮಿಗೆ ಒಂದು ಸ್ಟೂಲು ಕೊಡಿಸಬೇಕಾಗಿ ಕೋರುತ್ತೇನೆ."