ಗ್ರಹಭಂಜಕದ ಬಾಗಿಲು

ಜಗತ್ತಿನಲ್ಲಿ ಎಷ್ಟೋ ಮಹಾಪುರುಷರು ಆಗಿಹೋಗಿದ್ದಾರೆ. ಕೆಲವರು ಸಾಮ್ರಾಜ್ಯ ಕಟ್ಟಿದರು, ಕೆಲವರು ಕೆಡವಿದರು. ಆದರೆ ಕೆಡವಲೆಂದೇ ಹುಟ್ಟಿದ ಯಂತ್ರವೊಂದು ಏನನ್ನೂ ಕೆಡವದೆ ಸುಮ್ಮನಾದದ್ದು ಯಾಕೆ ಎಂದು ಅನ್ನನೀರು ಬಿಟ್ಟು ಕುಳಿತವರು ಭೂಮಂಡಲದಲ್ಲಿ ಒಬ್ಬರೇ. ಅವರು ನನ್ನ ಅಕ್ಕನ ಗಂಡ. ಹೊಟ್ಟೆಪಾಡಿಗೆ ಲಿಫ್ಟ್ ರಿಪೇರಿ ಮಾಡುತ್ತಾರೆ, ಉಳಿದ ವೇಳೆಯಲ್ಲಿ ಬ್ರಹ್ಮಾಂಡವನ್ನು.

ನಡೆದದ್ದು ಇಷ್ಟು. ಟೀವಿಯಲ್ಲಿ ಒಂದು ಅಂತರಿಕ್ಷದ ಧಾರಾವಾಹಿ ಬರುತ್ತಿತ್ತು. ಅದರಲ್ಲಿ ದುಷ್ಟ ಚಕ್ರವರ್ತಿಯ ಕೈಯಲ್ಲಿ ಗ್ರಹಭಂಜಕ ಎಂಬ ಮಹಾಸ್ತ್ರ. ಗಾತ್ರ ಚಂದ್ರನಷ್ಟು, ಗುಂಡಿ ಒತ್ತಿದರೆ ಒಂದು ಗ್ರಹವೇ ಪುಡಿಪುಡಿ. ಕಡೆಯ ಕಂತಿನಲ್ಲಿ ಚಕ್ರವರ್ತಿ ಅಟ್ಟಹಾಸ ಮಾಡಿ ಗುಂಡಿ ಒತ್ತಿದ. ಗ್ರಹಭಂಜಕ ‘ಗುಂಯ್’ ಎಂದಿತು, ಅದರ ದೀಪ ಮಿಣಮಿಣ ಎಂದಿತು, ಆಮೇಲೆ ತಣ್ಣಗಾಯಿತು. ನಾಯಕ ನಾಯಕಿ ಕೈ ಕೈ ಹಿಡಿದು ನಕ್ಕರು. ಧಾರಾವಾಹಿ ಮುಗಿಯಿತು. ನಾವೆಲ್ಲ ಎದ್ದು ಊಟಕ್ಕೆ ಹೋದೆವು. ಭಾವ ಮಾತ್ರ ಕುಳಿತಲ್ಲೇ ಕುಳಿತಿದ್ದರು.

“ಅಲ್ಲಯ್ಯಾ, ಕಂಪ್ಲೇಂಟ್ ಅಟೆಂಡ್ ಮಾಡದೇ ಹೋಗಿಬಿಟ್ರಲ್ಲ!” ಎಂದರು.

ಅಂದಿನಿಂದ ಆ ಕಂಪ್ಲೇಂಟು ಅವರ ಪಾಲಿಗೆ ಬಂತು.

ಅದಕ್ಕೆ ಪ್ರಯೋಗಶಾಲೆಯಾದದ್ದು ಒಂದು ಹಳೆಯ ವಾಣಿಜ್ಯ ಕಟ್ಟಡ. ಎಳೆಯುವ ಜಾಲರಿ ಬಾಗಿಲಿದ್ದ ಅಲ್ಲಿನ ಮುದಿ ಲಿಫ್ಟು ಭಾವನ ಸುಪರ್ದಿಯಲ್ಲಿತ್ತು. ನೆಲಮಹಡಿಯಲ್ಲಿ ನನ್ನ ಜೆರಾಕ್ಸ್ ಅಂಗಡಿ. ನಾಲ್ಕನೆಯ ಮಹಡಿಯಲ್ಲಿ ಟೈಲರಮ್ಮನ ಅಂಗಡಿ. ಗಂಡ ಹೋದ ಮೇಲೆ ಒಂಟಿ ಕೈಯಲ್ಲಿ ಶಾಲೆಗಳ ಯೂನಿಫಾರ್ಮ್ ಹೊಲಿದು ಮಗಳನ್ನು ಓದಿಸಿದ ಹೆಂಗಸು. ಆ ಧಾರಾವಾಹಿಯನ್ನು ಒಂದು ಕಂತೂ ಬಿಡದೆ ನೋಡಿದ ಇನ್ನೊಂದು ಜೀವ ಅವರೇ.

ಭಾವನ ಮೊದಲ ಸಿದ್ಧಾಂತ ಧೂಳಿನದು. “ಅಂತರಿಕ್ಷದಲ್ಲಿ ಕಸ ಗುಡಿಸೋರು ಯಾರಿದ್ದಾರೆ? ಸ್ವಿಚ್ಚಿನೊಳಗೆ ಧೂಳು ಕೂತಿದೆ.” ಎರಡನೆಯದು ತೂಕದ್ದು. “ಲಿಫ್ಟ್ ಮೇಲೆ ಹೋಗಬೇಕಾದರೆ ಆಕಡೆ ಸಮತೂಕದ ಕಬ್ಬಿಣ ಕೆಳಗಿಳೀಬೇಕು. ಚಂದ್ರನಷ್ಟು ದೊಡ್ಡ ತೋಪಿಗೆ ಹಿಂದೆ ಇನ್ನೊಂದು ಚಂದ್ರನನ್ನ ನೇತುಹಾಕಬೇಕಿತ್ತು. ಹಾಕಿದ್ದು ನೀನು ನೋಡಿದ್ಯಾ?” ನಾನು ನೋಡಿರಲಿಲ್ಲ. ಬೆಳಕಿನ ವೇಗವನ್ನು ಲಿಫ್ಟಿನ ವೇಗದಿಂದ ಭಾಗಿಸಿ, ಬಂದದ್ದನ್ನು ಬಾಗಿಲಿನ ಅಗಲದಿಂದ ಗುಣಿಸಿ, ನನ್ನ ಅಂಗಡಿಯ ರದ್ದಿ ಕಾಗದದ ಬೆನ್ನಿಗೆಲ್ಲ ಲೆಕ್ಕ ಗೀಚಿದರು. ಉತ್ತರ ಎಂಟು ಬಂತು. ಎಂಟು ಏನು ಎಂದು ಕೇಳಿದೆ. “ಅದೇ ಮತ್ತೆ!” ಎಂದು ಹುಬ್ಬು ಹಾರಿಸಿದರು.

ಟೈಲರಮ್ಮ ಇದಾವುದಕ್ಕೂ ಸೊಪ್ಪು ಹಾಕುತ್ತಿರಲಿಲ್ಲ. ಒಂದು ಸಂಜೆ ಭಾವ ತಾರಸಿಯ ಮೇಲಿನ ಯಂತ್ರದ ಕೋಣೆಯಲ್ಲಿ ಲಿಫ್ಟು ಬಿಚ್ಚಿಕೊಂಡು ಕೂತಿದ್ದಾಗ ಅವರು ಮೆಟ್ಟಿಲಿಂದಲೇ ಕೂಗಿದರು.

“ವಿಜ್ಞಾನಿಗಳೇ, ಕೆಳಗಿಳೀರಿ! ಗೊತ್ತಾಯ್ತು ನನಗೆ. ಬಾಬಿನ್‌ನಲ್ಲಿ ದಾರ ಖಾಲಿ!”

“ಏನಂದ್ರಿ?”

“ಸೂಜಿ ಮೇಲೆ ಕೆಳಗೆ ಆಡತ್ತೆ, ಮಷೀನು ಗುಂಯ್ ಅನ್ನತ್ತೆ, ಹೊಲಿಗೆ ಮಾತ್ರ ಬೀಳಲ್ಲ. ಎಲ್ಲರೂ ಮೇಲಿನ ದಾರ ನೋಡ್ತಾರೆ, ಕೆಳಗಿನ ಬಾಬಿನ್ ಯಾರು ನೋಡ್ತಾರೆ? ನಿಮ್ಮ ಚಕ್ರವರ್ತಿಯೂ ನೋಡಿಲ್ಲ.”

ಭಾವನಿಗೆ ಮೈಯೆಲ್ಲ ಉರಿದುಹೋಯಿತು. ಮೂರನೆಯ ಸಿದ್ಧಾಂತ ಆ ಹೊತ್ತಿಗೆ ಅವರ ತಲೆಯಲ್ಲಿ ಕುದಿಯುತ್ತಿತ್ತು. ಕೈಯಲ್ಲಿದ್ದ ಕೆಲಸ ಅವಸರದಲ್ಲಿ ಮುಗಿಸಿ, ಲಿಫ್ಟಿನ ಮೇನ್ ಸ್ವಿಚ್ಚು ಹಾಕಿ, ವಾದ ಮಾಡುತ್ತಲೇ ಟೈಲರಮ್ಮನ ಹಿಂದೆ ಮೆಟ್ಟಿಲಿಳಿದು ನನ್ನ ಅಂಗಡಿಗೆ ಬಂದರು. ವಾಚ್‌ಮನ್, ಟೀ ಕುಡಿಯಲು ಬಂದ ಗುಮಾಸ್ತರು, ಎಲ್ಲರೂ ಸೇರಿದ ತುಂಬಿದ ಸಭೆಯಲ್ಲಿ ಬಾಗಿಲಿನ ಸಿದ್ಧಾಂತವನ್ನು ಲೋಕಾರ್ಪಣೆ ಮಾಡಿದರು.

“ಲಿಫ್ಟಿನ ಬಾಗಿಲು ಒಂದು ಬೆರಳಷ್ಟು ತೆರೆದಿದ್ದರೂ ಲಿಫ್ಟ್ ಓಡಲ್ಲ. ಬಾಗಿಲಲ್ಲಿ ಸಣ್ಣದೊಂದು ಸ್ವಿಚ್ಚು ಇದೆ, ಅದು ಬಿಡಲ್ಲ. ಗ್ರಹಭಂಜಕಕ್ಕೆ ಬಾಗಿಲಿಲ್ವಾ? ಇದೆ. ಸಾವಿರಾರು ಸೈನಿಕರು ಓಡಾಡ್ತಾರೆ. ಒಬ್ಬ ಪುಣ್ಯಾತ್ಮನ ಊಟದ ಡಬ್ಬಿ ಬಾಗಿಲ ಸಂದಿಗೆ ಸಿಕ್ಕಿದೆ. ಸ್ವಿಚ್ಚು ಬಿಡಲಿಲ್ಲ. ಒಂದು ಗ್ರಹ ಉಳೀತು! ಎಲ್ಲರೂ ಯಂತ್ರ ಕೆಟ್ಟಿತು ಅಂತಾರೆ. ಕೆಟ್ಟಿರಲಿಲ್ಲ ಕಣ್ರೀ. ಬಾಗಿಲು ತೆರೆದಿದ್ದಾಗ ಸುಮ್ಮನೆ ನಿಲ್ಲೋದು ಒಳ್ಳೇ ಯಂತ್ರ. ತೆರೆದಿದ್ದರೂ ಓಡತ್ತಲ್ಲ, ಅದು ಕೆಟ್ಟದ್ದು.”

ಸಭೆ ಚಪ್ಪಾಳೆ ತಟ್ಟಿತು. ಟೈಲರಮ್ಮ ಮೂಗು ಮುರಿದರೂ “ಡಬ್ಬಿ ಮಾತ್ರ ಚೆನ್ನಾಗಿದೆ” ಎಂದು ಒಪ್ಪಿಕೊಂಡರು. ಭಾವ ದಿಗ್ವಿಜಯ ಮುಗಿಸಿದ ದೊರೆಯ ಹಾಗೆ ಮನೆಗೆ ಹೋದರು.

ಇಲ್ಲಿ ಒಂದು ತಂತಿಯ ವಿಷಯ ಹೇಳಬೇಕು. ರಿಪೇರಿ ವೇಳೆ ಬಾಗಿಲು ತೆರೆದಿಟ್ಟೇ ಲಿಫ್ಟು ಓಡಿಸಿ ನೋಡಬೇಕಾಗುತ್ತದೆ. ಆಗ ಬಾಗಿಲಿನ ಸ್ವಿಚ್ಚನ್ನು ತಪ್ಪಿಸಲು ಯಂತ್ರದ ಕೋಣೆಯಲ್ಲಿ ಒಂದು ತುಂಡು ತಂತಿ ಸಿಕ್ಕಿಸುತ್ತಾರೆ. ಕೆಲಸ ಮುಗಿದ ಮೇಲೆ ಅದನ್ನು ತೆಗೆಯಲೇಬೇಕು. ಭಾವನ ತಂತಿ ಕೆಂಪಗಿತ್ತು, ಅವರ ಅಂಗಿಯ ಜೇಬಿನಲ್ಲೇ ಅದರ ವಾಸ. ಅದು ಅಂಗಿಯ ಜತೆ ಬಕೆಟ್ಟಿಗೆ ಬಿದ್ದಾಗಲೆಲ್ಲ ಅಕ್ಕ ಬೈಯುತ್ತಿದ್ದಳು. ಆ ದಿನ ಅಂಗಿ ಒಗೆಯಲು ಹಾಕುವಾಗ ಜೇಬು ತಡಕಿ, “ಏನ್ರೀ, ಇವತ್ತು ತಂತಿ ಇಲ್ಲ? ಕಡೆಗೂ ಬುದ್ಧಿ ಬಂತು ಅನ್ನಿ!” ಎಂದಳಂತೆ. ಭಾವ ಡಬ್ಬಿಯ ಗುಂಗಿನಲ್ಲಿದ್ದರು, “ಹ್ಞೂಂ” ಎಂದರಂತೆ.

ಮರುದಿನ ಟೈಲರಮ್ಮ ನಾಲ್ಕನೆಯ ಮಹಡಿಯಲ್ಲಿ ಜಾಲರಿ ಎಳೆದು, ಬಟ್ಟೆಯ ಗಂಟು ಎದೆಗವಚಿಕೊಂಡು, ಒಂದು ಕಾಲು ಹೊರಗಿಟ್ಟರು. ಕೆಳಗೆ ಯಾರೋ ಗುಂಡಿ ಒತ್ತಿದರು. ಬಾಗಿಲು ಪೂರ್ತಿ ತೆರೆದಿದ್ದಂತೆಯೇ ಲಿಫ್ಟು ಕೆಳಗೆ ಹೊರಟಿತು. ಅವರು ಹೊರಗೆ ಬಿದ್ದರು, ಅಷ್ಟೇ ಪುಣ್ಯ. ಪಾದದ ಗಂಟಿನ ಮೂಳೆ ಮುರಿಯಿತು. ಅವರ ಕೂಗು ನನ್ನ ಜೆರಾಕ್ಸ್ ಯಂತ್ರದ ಸದ್ದನ್ನೂ ದಾಟಿ ಬಂತು.

ಫೋನು ಮಾಡಿದೆ. ಭಾವ ಬಂದವರು “ಟೈಲರಮ್ಮ ಹೇಗಿದ್ದಾರೆ?” ಎಂದು ಕೇಳಿದರು. ಆಸ್ಪತ್ರೆಗೆ ಹೋದರು ಎಂದೆ. ನೇರ ತಾರಸಿಗೆ ಹತ್ತಿದರು. ಇಳಿದು ಬಂದಾಗ ಅಂಗಿಯ ಜೇಬನ್ನು ಕೈಯಿಂದ ಮುಚ್ಚಿಕೊಂಡಿದ್ದರು.

ಕಟ್ಟಡದ ಸೆಕ್ರೆಟರಿ ಅಷ್ಟರಲ್ಲಿ ತೀರ್ಪು ಬರೆದಾಗಿತ್ತು. “ಓಡ್ತಿರೋ ಲಿಫ್ಟಿನಿಂದ ಜಾಲರಿ ಎಳೆದು ಇಳಿದಿದ್ದಾರೆ. ವಯಸ್ಸಾಯ್ತು, ಕಣ್ಣು ಕಾಣಲ್ಲ.” ಟೈಲರಮ್ಮನ ಮಗಳೂ ಅದನ್ನೇ ನಂಬಿದಳು. ಅವಳದೇನೂ ಕೆಟ್ಟ ಮನಸ್ಸಲ್ಲ, ಹೆದರಿಕೆ. ಅಂಗಡಿ ಮುಚ್ಚುವುದು, ಹೊಲಿಗೆ ಯಂತ್ರ ಮಾರುವುದು, ಅಮ್ಮನನ್ನು ತನ್ನ ಮನೆಗೆ ಕರೆದೊಯ್ಯುವುದು ಎಂದು ನಿರ್ಧಾರವಾಯಿತು.

ಎರಡು ದಿನ ಬಿಟ್ಟು ನಾನೂ ಭಾವನೂ ಆಸ್ಪತ್ರೆಗೆ ಹೋದೆವು. ಟೈಲರಮ್ಮ ಬ್ಯಾಂಡೇಜಿನ ಕಾಲನ್ನು ದಿಂಬಿನ ಮೇಲಿಟ್ಟು ಮಲಗಿದ್ದರು.

“ಲಿಫ್ಟ್ ನಿಂತಿತ್ತು ಅಂತಲೇ ನನ್ನ ನೆನಪು,” ಎಂದರು. “ಆದರೆ ಎಲ್ಲರೂ ಓಡ್ತಿತ್ತು ಅಂತಾರೆ. ಇಷ್ಟು ಜನ ಸುಳ್ಳು ಹೇಳ್ತಾರಾ? ಕಣ್ಣು ಹೋಗಿದೆ ಅಂದುಕೊಂಡೆ, ತಲೆಯೂ ಹೋಯ್ತೇನೋ. ನಿನ್ನೆ ಸೂಜಿಗೆ ದಾರ ಪೋಣಿಸಿ ನೋಡಿದೆ. ಒಂದೇ ಸಲಕ್ಕೆ ಹೋಯ್ತು. ಆದರೂ ಧೈರ್ಯ ಬರ್ತಿಲ್ಲ.” ಆಮೇಲೆ ನಗಲು ನೋಡಿದರು. “ಏನು ವಿಜ್ಞಾನಿಗಳೇ, ಹೊಸ ಸಿದ್ಧಾಂತ ಏನಾದ್ರೂ?”

ಭಾವ ಕಿತ್ತಳೆ ಸುಲಿಯುತ್ತಿದ್ದರು. ಸುಲಿದರು, ಬಿಡಿಸಿದರು, ಬೀಜ ತೆಗೆದರು, ತಟ್ಟೆಯಲ್ಲಿ ಜೋಡಿಸಿದರು. ಬ್ರಹ್ಮಾಂಡದ ಯಾವ ಮೂಲೆಗೂ ಒಂದು ವಿವರಣೆ ಇಟ್ಟುಕೊಂಡಿದ್ದ ಮನುಷ್ಯ ಇನ್ನೊಂದು ಕಿತ್ತಳೆ ಕೈಗೆತ್ತಿಕೊಂಡರು.

ಮನೆಯಲ್ಲಿ ಅಕ್ಕ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು.

“ಆ ದಿನ ಜೇಬಲ್ಲಿ ತಂತಿ ಇರಲಿಲ್ಲ. ಮಾರನೇ ದಿನ ಇತ್ತು. ನಾನೇನೂ ಕೇಳಿಲ್ಲ.”

“ಯಾಕೆ ಕೇಳಲಿಲ್ಲ?”

“ಕೇಳಿದರೆ ಹೇಳಿಬಿಡ್ತಾರೆ ಕಣೋ! ಕೇಳದೇ ಇದ್ದರೆ ಬಾಯಿ ಬಿಡಲ್ಲ, ಕೇಳಿದರೆ ಸುಳ್ಳು ಬರಲ್ಲ. ಕೆಲಸ ಹೋಗತ್ತೆ. ಈ ವಯಸ್ಸಲ್ಲಿ ಯಾರು ಕೊಡ್ತಾರೆ ಇನ್ನೊಂದು?” ಸೆರಗಿನಿಂದ ಕಣ್ಣೊರೆಸಿಕೊಂಡಳು. “ಊಟ ಮಾಡ್ತಿಲ್ಲ ಕಣೋ. ಟೀವಿ ಹಾಕಿದರೆ ಎದ್ದು ಹೋಗ್ತಾರೆ. ಲಿಫ್ಟ್ ಕಂಪನಿಯವರು ತಪಾಸಣೆಗೆ ಬರೋ ದಿನ ನೀನು ಜತೆಗಿರು. ನೇರವಾಗಿ ಯಾರೂ ಕೇಳದ ಹಾಗೆ ನೋಡ್ಕೋ.”

ಹೀಗೆ ಒಂದು ಪ್ರಶ್ನೆಯನ್ನು ತಡೆಯುವ ಸೇನಾಧಿಪತ್ಯ ನನ್ನ ತಲೆಗೆ ಬಂತು.

ಕಂಪನಿಯ ಎಂಜಿನಿಯರ್ ಬಂದ ಬೆಳಗ್ಗೆ ಟೈಲರಮ್ಮನೂ ಬಂದಿದ್ದರು. ಹೊಲಿಗೆ ಯಂತ್ರ ಕೊಳ್ಳುವವನು ಮಧ್ಯಾಹ್ನ ಬರುವವನಿದ್ದ. ಅದಕ್ಕೆ ಮೊದಲು ಒಂದು ಸಲ ಅಂಗಡಿ ನೋಡಬೇಕೆಂದು ಹಟ ಹಿಡಿದು, ಕುರ್ಚಿಯಲ್ಲಿ ಕೂತು, ಮೆಟ್ಟಿಲ ಮೇಲೆ ಹೊರಿಸಿಕೊಂಡು ಬಂದಿದ್ದರು. ಎಂಜಿನಿಯರ್ ಜಾಲರಿ ತೆರೆದಿಟ್ಟು ಗುಂಡಿ ಒತ್ತಿದ. ಲಿಫ್ಟು ಕದಲಲಿಲ್ಲ. ಮತ್ತೆ ಒತ್ತಿದ. ಗ್ರಹಭಂಜಕದಷ್ಟೇ ನಿಷ್ಠೆಯಿಂದ ನಿಂತೇ ಇತ್ತು.

“ಲಿಫ್ಟ್ ಸರಿಯಾಗೇ ಇದೆ,” ಎಂದ.

“ನಾನು ಹೇಳಲಿಲ್ವಾ?” ಎಂದರು ಸೆಕ್ರೆಟರಿ.

ನಾವೆಲ್ಲ ಟೈಲರಮ್ಮನ ಅಂಗಡಿಯೊಳಗೆ ಸೇರಿದೆವು. ಎಂಜಿನಿಯರ್‌ನ ಕಣ್ಣು ಭಾವನ ಕಡೆ ಹೊರಳಿತು. ನಾನು ಮುನ್ನುಗ್ಗಿದೆ.

“ಸಾರ್, ಇಲಿ ಇರಬಹುದು! ಯಂತ್ರದ ಕೋಣೆಯಲ್ಲಿ ಇಲಿಗಳ ಸಂಸಾರವೇ ಇದೆ. ಮುಂಗಾಲು ಒಂದು ತಂತಿ ಮೇಲೆ, ಹಿಂಗಾಲು ಇನ್ನೊಂದರ ಮೇಲೆ ಇಟ್ಟರೆ ಕರೆಂಟು ಇಲಿಯೊಳಗಿಂದ ಹೋಗಿ...”

“ಸತ್ತ ಇಲಿ ಎಲ್ಲಿ?” ಎಂದ ಎಂಜಿನಿಯರ್.

“ಬೆಕ್ಕು ತಿಂದಿರತ್ತೆ,” ಎಂದೆ. ಭಾವನ ಶಿಷ್ಯನಾಗಿ ಇಷ್ಟಾದರೂ ಬೇಡವೇ? ವಾಚ್‌ಮನ್ ವೋಲ್ಟೇಜಿನ ಮೇಲೆ ತಪ್ಪು ಹೊರಿಸಿದ. ಗುಮಾಸ್ತರೊಬ್ಬರು ಭೂಮಿ ಸ್ವಲ್ಪ ನಡುಗಿದ್ದು ತಮಗೆ ಗೊತ್ತಾಗಿತ್ತು ಎಂದರು. ಭಾವನಿಂದ ಕಲಿತ ವಿದ್ಯೆಯನ್ನೆಲ್ಲ ಎಲ್ಲರೂ ಭಾವನನ್ನು ಉಳಿಸಲು ಖರ್ಚು ಮಾಡುತ್ತಿದ್ದೆವು. ಎಂಜಿನಿಯರ್ ಬೇಸತ್ತು ಚೀಲದ ಜಿಪ್ ಎಳೆದ. ಅಕ್ಕನ ಮುಖ ನನ್ನ ಕಣ್ಣ ಮುಂದೆ ಬಂತು, ಗೆದ್ದೆವು ಎಂದುಕೊಂಡೆ.

“ಸಾಕು ನಡಿಯಮ್ಮ,” ಎಂದಳು ಮಗಳು. “ಇನ್ನು ಇದೆಲ್ಲ ಬೇಡ.”

ಟೈಲರಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಹೊಲಿಗೆ ಯಂತ್ರದ ಚಕ್ರದ ಮೇಲೆ ಒಮ್ಮೆ ಕೈಯಿಟ್ಟರು. ಆಮೇಲೆ ಕನ್ನಡಕ ಹಾಕಿಕೊಂಡು ಭಾವನ ಕಡೆ ತಿರುಗಿದರು. ತಡೆಯಲು ನಾನು ಬಾಯಿ ತೆರೆದೆ. ಇಲಿ, ಬೆಕ್ಕು ಯಾವುದೂ ನೆರವಿಗೆ ಬರಲಿಲ್ಲ.

“ವಿಜ್ಞಾನಿಗಳೇ, ಇವರೆಲ್ಲ ಇರಲಿ. ನೀವು ಹೇಳಿ. ನಾನು ಇಳೀವಾಗ ಲಿಫ್ಟ್ ನಿಂತಿತ್ತಾ, ಓಡ್ತಿತ್ತಾ?”

ಭಾವ ಜೇಬಿಗೆ ಕೈಹಾಕಿ ಕೆಂಪು ತಂತಿಯನ್ನು ತೆಗೆದು ಹೊಲಿಗೆ ಯಂತ್ರದ ಮೇಲಿಟ್ಟರು.

“ನಿಂತಿತ್ತು ಟೈಲರಮ್ಮ. ನೀವು ಸರಿಯಾಗೇ ಇಳಿದ್ರಿ. ನಾನು ಇದನ್ನ ತೆಗೆಯೋದು ಮರೆತಿದ್ದೆ.”