ಕುಂಕುಮ ಹತ್ತಿದ ಡಿಸ್ಕ್

ಆ ಡಿಸ್ಕನ್ನು ಅಳಿಸಿದವಳು ನಾನು, ಚೈತ್ರಾ. ನೀನು ಅದರಲ್ಲಿ ಎಲ್ಲವನ್ನೂ ತುಂಬಿ, ಸರಿಯಿದೆಯೇ ಎಂದು ಪರೀಕ್ಷಿಸಿ ನನ್ನ ಕೈಗೆ ಕೊಟ್ಟಿದ್ದೆ. ಅದು ಖಾಲಿಯಾದದ್ದು ನಿಗಡಿಯ ನನ್ನ ಮನೆಯಲ್ಲಿ, ಡೈನಿಂಗ್ ಟೇಬಲ್ಲಿನ ಮೇಲೆ, ನನ್ನ ಬೆರಳಿನಿಂದ. ನನಗದು ಅಂದೇ ಗೊತ್ತಿತ್ತು. ಇಷ್ಟನ್ನು ಅಂದೇ ಎಲ್ಲರೆದುರು ಹೇಳಬೇಕಿತ್ತು — ಹೇಳಲಿಲ್ಲ. ವರ್ಷಗಳು ಹೋದವು.

ನಿನಗೆ ಗೊತ್ತಿರುವುದನ್ನೂ ಬಿಡಿಸಿ ಬರೆಯುತ್ತೇನೆ. ಇದು ಗುಟ್ಟಿನ ಕಾಗದವಲ್ಲ, ಯಾರು ಬೇಕಾದರೂ ಓದಲಿ.

ಚಾಕಣದ ನಮ್ಮ ಕಾರ್ಖಾನೆಯಲ್ಲಿ ಗಾಡಿಗಳಿಗೆ ಬೇಕಾದ ರಬ್ಬರ್ ಸೀಲ್ ತಯಾರಾಗುತ್ತವೆ. ನನ್ನ ಯಜಮಾನರು ಹಾಕಿದ್ದು. ಅವರ ನಂತರ ಮೈದುನನ ಮಗ ವಿನಾಯಕ ನಡೆಸುತ್ತಾನೆ. ನಾನು ಹೆಸರಿಗೆ ಡೈರೆಕ್ಟರ್. ಬಿಲ್ಲು, ಸ್ಟಾಕು, ಪಗಾರ, ಗಿರಾಕಿಗಳ ಡ್ರಾಯಿಂಗು — ಎಲ್ಲವೂ ಆಫೀಸಿನ ಹಿಂದಿನ ತಣ್ಣನೆಯ ಕೋಣೆಯಲ್ಲಿ, ನಮ್ಮದೇ ಸರ್ವರ್‌ನಲ್ಲಿ. ದೊಡ್ಡ ಕಂಪನಿಯ ಯಂತ್ರ ಬಾಡಿಗೆಗೆ ತಗೊಳ್ಳಿ ಎಂದವರಿಗೆಲ್ಲ ಯಜಮಾನರದು ಒಂದೇ ಉತ್ತರ: “ನಮ್ಮ ಮನಿ ಲೆಕ್ಕ ಮಂದಿ ಮನ್ಯಾಗ ಯಾಕ?” ಆ ಕೋಣೆಯ ಕಾವಲಿಗೆ ಮೈಸೂರಿನಿಂದ ಬಂದವಳು ನೀನು. ಹೊರಗಿನಿಂದ ಒಳಗೆ ಬರುವ ದಾರಿಗಳನ್ನು ಒಂದೊಂದಾಗಿ ಮುಚ್ಚಿದೆ. ಒಬ್ಬೊಬ್ಬರಿಗೂ ಬೇರೆ ಪಾಸ್‌ವರ್ಡ್ ಯಾಕೆಂದು ವಿನಾಯಕ ಗೊಣಗಿದಾಗ, “ಸರ್, ಒಂದೇ ಇಟ್ರೆ ಮನೆ ಬೀಗದ ಕೈನ ಚಪ್ಪಲಿ ಸ್ಟ್ಯಾಂಡಲ್ಲಿ ಇಟ್ಟ ಹಾಗೆ” ಎಂದೆ. “ನಾವು ಅಲ್ಲೇ ಇಡ್ತೀವಲ್ರೀ” ಎಂದ ಅವನು. ಎಷ್ಟು ನಕ್ಕಿದ್ದೆವು!

ಸರ್ವರ್‌ನಲ್ಲಿರುವುದರ ನಕಲು ಎರಡು ಡಿಸ್ಕುಗಳಲ್ಲಿ. ಒಂದು ಅಲ್ಲೇ ಜೋಡಿಸಿರುತ್ತದೆ, ಇನ್ನೊಂದು ಕಾರ್ಖಾನೆಯಿಂದ ದೂರ ಇರಬೇಕು — ಅಲ್ಲಿ ಏನೇ ಆದರೂ ಇದು ಉಳಿಯಲಿ ಎಂದು. ಬ್ಯಾಂಕ್ ಲಾಕರ್‌ನಲ್ಲಿಡೋಣ ಎಂದ ವಿನಾಯಕ. “ಯಾಕೋ, ನಮ್ಮ ಮನಿ ತಿಜೋರಿ ಸತ್ತೈತೇನು?” ಎಂದು ನಾನು ಹಟ ಹಿಡಿದೆ. ನಿಜ ಹೇಳಲೇ? ಕಾರ್ಖಾನೆಗೆ ಹೋದರೆ ನನಗೆ ಟೀ ಸಿಗುತ್ತಿತ್ತು, ಕುರ್ಚಿ ಸಿಗುತ್ತಿತ್ತು. ಯಾರೂ ನನ್ನನ್ನು ಏನೂ ಕೇಳುತ್ತಿರಲಿಲ್ಲ. ಡಿಸ್ಕು ನನ್ನಲ್ಲಿದ್ದರೆ ನಾನೂ ಬೇಕಾದವಳು. ಶನಿವಾರ ಶನಿವಾರ ನೀನು ಬಂದು ಒಂದನ್ನು ಕೊಟ್ಟು ಇನ್ನೊಂದನ್ನು ಒಯ್ಯುತ್ತಿದ್ದೆ. ಒಮ್ಮೆಯಾದರೂ ಹೇಳದೆ ಹೋದವಳಲ್ಲ: “ಆಂಟಿ, ಇದನ್ನ ಬೇರೆ ಯಾವ ಕಂಪ್ಯೂಟರ್‌ಗೂ ಹಾಕ್ಬೇಡಿ, ಪ್ಲೀಸ್.” ನಾನು ಹುಬ್ಬೇರಿಸಿ, “ಐ ಆಮ್ ನಾಟ್ ಎ ಚೈಲ್ಡ್, ಡಿಯರ್” ಎನ್ನುತ್ತಿದ್ದೆ.

ಖಂಡೇನವಮಿ ಬಂತು. ಕಾರ್ಖಾನೆಯಲ್ಲಿ ಯಂತ್ರಗಳನ್ನೆಲ್ಲ ನಿಲ್ಲಿಸಿ ಪೂಜೆ. ಸರ್ವರ್ ನಿಲ್ಲಿಸುವ ಹಾಗಿಲ್ಲ, ಒಳಗೆ ನೀರು-ಕುಂಕುಮ ತರುವ ಹಾಗಿಲ್ಲ ಎಂದು ನೀನು ಬಾಗಿಲಿನ ಹೊರಗಷ್ಟೇ ಚೆಂಡುಹೂವಿನ ಮಾಲೆಗೆ ಜಾಗ ಕೊಟ್ಟೆ. ನನಗೆ ಸಮಾಧಾನವಾಗಲಿಲ್ಲ. ಎಲ್ಲ ಯಂತ್ರಕ್ಕೂ ಪೂಜೆಯಾಗಿ ಇದೊಂದಕ್ಕೆ ಇಲ್ಲವೇ? ಮನೆಗೆ ಬಂದವಳೇ ತಿಜೋರಿಯಿಂದ ಡಿಸ್ಕ್ ತೆಗೆದು ದೇವರ ಮುಂದಿಟ್ಟೆ. ಅರಿಶಿನ, ಕುಂಕುಮ ಹಚ್ಚಿದೆ. ಹೂವಿನಿಂದ ನೀರು ಪ್ರೋಕ್ಷಿಸಿದೆ — ತುಸು ಹೆಚ್ಚೇ ಬಿತ್ತು.

ಸೆರಗಿನಿಂದ ಒರೆಸಿದೆ. ಕೆಟ್ಟಿತೇ? ನಿನಗೆ ಫೋನ್ ಮಾಡಬಹುದಿತ್ತು. ಮಾಡಿದರೆ ನೀನು ವಿನಾಯಕನಿಗೆ ಹೇಳುತ್ತೀ, ಅವನು ಡಿಸ್ಕನ್ನು ಲಾಕರ್‌ಗೆ ಒಯ್ಯುತ್ತಾನೆ... ಸುಮ್ಮನೆ ನೋಡೋಣ ಎಂದು ನನ್ನ ಲ್ಯಾಪ್‌ಟಾಪಿಗೆ ಹಾಕಿದೆ.

ಪರದೆಯ ಮೇಲೆ ಅಚ್ಚುಕಟ್ಟಾದ ಇಂಗ್ಲಿಷಿನಲ್ಲಿ ಒಂದು ವಾಕ್ಯ ಬಂತು: ಬಳಸುವ ಮೊದಲು ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕು, ಮಾಡಲೇ? ಬೇರೆಯವರ ಯಂತ್ರಕ್ಕೆ ಓದಲು ಬರದಂತೆ ನೀನು ಅದಕ್ಕೆ ಬೀಗ ಹಾಕಿದ್ದೆ. ಅದಕ್ಕೇ ನನ್ನ ಲ್ಯಾಪ್‌ಟಾಪಿಗೆ ಅದರ ಗುರುತು ಸಿಗಲಿಲ್ಲ. ಇದು ಆಮೇಲೆ ತಿಳಿದದ್ದು. ಆಗ, ಇದೇನೋ ರಿಪೇರಿಯೇ ಇರಬೇಕು ಎಂದುಕೊಂಡೆ. ಬೆಳಗಾವಿಯ ಕಾನ್ವೆಂಟಿನಲ್ಲಿ ಕಲಿತವಳು — ವ್ಯಾಕರಣ ಸರಿಯಿದ್ದ ಇಂಗ್ಲಿಷಿಗೆ ಇಲ್ಲವೆನ್ನುವ ಅಭ್ಯಾಸವಿಲ್ಲ. ಯೆಸ್ ಒತ್ತಿದೆ. ‘ಕಂಪ್ಲೀಟ್’ ಎಂದಿತು. ತೆರೆದು ನೋಡಿದೆ. ಒಳಗೆ ಏನೂ ಇಲ್ಲ. ಬಿಳಿ.

ಅಲ್ಲಿಯವರೆಗಿನದು ತಪ್ಪು. ಮುಂದಿನದಕ್ಕೆ ಬೇರೆ ಹೆಸರು. ಶನಿವಾರ ಹೇಗೂ ನೀನು ಒಯ್ದು ಮತ್ತೆ ತುಂಬುತ್ತೀ, ಯಾರಿಗೆ ತಿಳಿಯುತ್ತದೆ — ಎಂದುಕೊಂಡು ತಿಜೋರಿ ಮುಚ್ಚಿದೆ.

ಶನಿವಾರಕ್ಕೆ ಮುಂಚೆಯೇ ಅಕೌಂಟ್ಸಿನವರೊಬ್ಬರು ಬಿಲ್ಲಿನ ಹಾಗೆ ಕಾಣುವ ಮೇಲ್ ಒಂದನ್ನು ತೆರೆದರು. ಅದರೊಳಗಿದ್ದ ವೈರಸ್ ಪಿಡುಗು ಸರ್ವರನ್ನೂ ಅದಕ್ಕೆ ಜೋಡಿಸಿದ್ದ ಡಿಸ್ಕನ್ನೂ ಓದಲಾಗದಂತೆ ಮಾಡಿತು. ವಿನಾಯಕನ ಫೋನ್: “ಕಾಕು, ತಿಜೋರಿ ತೆಗೀರಿ. ಲಗೂನ ಬರ್ರಿ.”

ಚಾಕಣದವರೆಗೂ ಡಿಸ್ಕ್ ನನ್ನ ತೊಡೆಯ ಮೇಲಿತ್ತು. ದಾರಿಯುದ್ದಕ್ಕೂ ಟ್ರಾಫಿಕ್ಕು. ಕಾರಿನಲ್ಲಿ ಕೂತು ಮನಸ್ಸಿನಲ್ಲೇ ವಾಕ್ಯ ಕಟ್ಟಿದೆ — ಚೈತ್ರಾ, ಐ ಆಮ್ ಸೋ ಸಾರಿ... ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಕನ್ನಡದಲ್ಲಿ. ಕೋಣೆಯ ಬಾಗಿಲು ದಾಟಿದ್ದೇ ಎರಡೂ ಬಾಯಿಗೆ ಬರಲಿಲ್ಲ.

“ಸದ್ಯ, ಇದೊಂದು ಇದೆಯಲ್ಲ ಆಂಟಿ!” ಎಂದು ನೀನು ಅದನ್ನು ನನ್ನ ಕೈಯಿಂದ ತಗೊಂಡೆ. ನಿನ್ನ ಆ ಮುಖ... ಜೋಡಿಸಿದೆ. ತೆಗೆದು ಮತ್ತೆ ಜೋಡಿಸಿದೆ. ಆಮೇಲೆ ಡಿಸ್ಕನ್ನು ತಿರುಗಿಸಿ ಅಂಚಿನ ಸಂದಿಯಲ್ಲಿ ಹೆಬ್ಬೆರಳು ಆಡಿಸಿದೆ. ಬೆರಳಿಗೆ ಕೆಂಪು ಹತ್ತಿತು. ಬೆರಳು ನೋಡಿದೆ, ನನ್ನನ್ನು ನೋಡಿದೆ.

“ಆಂಟಿ, ಇದನ್ನ ಎಲ್ಲಾದ್ರೂ ಹಾಕಿದ್ರಾ?”

“ನನಗೇನ ತಿಳೀತದವಾ ಇದರಾಗ? ನೀ ಕೊಟ್ಟಿದ್ದನ್ನ ಹಂಗ ಇಟ್ಟೇನಿ.”

ಬೆಳಿಗ್ಗೆ ಇಂಗ್ಲಿಷ್ ಪೇಪರ್ ಓದದೆ ತಿಂಡಿ ಮುಟ್ಟದ ನಾನು ಒಂದು ಕ್ಷಣದಲ್ಲಿ ಏನೂ ಅರಿಯದ ಮುದುಕಿಯಾದೆ.

“ಸರ್, ಇದನ್ನ ಯಾರೋ ಫಾರ್ಮ್ಯಾಟ್ ಮಾಡಿದ್ದಾರೆ” ಎಂದೆ ನೀನು.

“ಯಾರೋ ಅಂದ್ರ? ನಮ್ಮ ಕಾಕು ಸುಳ್ಳ ಹೇಳ್ತಾರೇನು? ಅವರಿಗೆ ಫೋನಿನ್ಯಾಗ ಒಂದು ಫೋಟೋ ಕಳಸಾಕ ಬರೂದಿಲ್ಲ!”

ಆ ಗಾಬರಿಯಲ್ಲೂ ಯಾರೋ ನಕ್ಕರು. ನಾನೂ ನಕ್ಕೆ, ಚೈತ್ರಾ. ಅದನ್ನೂ ಬರೆಯಬೇಕು.

“ನಾನು ಹಾಗೆ ಹೇಳ್ಲಿಲ್ಲ ಸರ್” ಎಂದು ನೀನು ಸುಮ್ಮನಾದೆ. ಯಂತ್ರದ ಫ್ಯಾನು ಗುಂಯ್ ಎನ್ನುತ್ತಿತ್ತು. ಆ ಮೌನವನ್ನು ನೀನು ನನಗಾಗಿ ಬಿಟ್ಟುಕೊಟ್ಟಿದ್ದೆ. ನಾನು ನೆಲದ ಫರಸಿ ನೋಡುತ್ತ ನಿಂತೆ.

ಗಿರಾಕಿಗಳಿಂದ ಹಳೆಯ ಬಿಲ್ಲು ಕೇಳಿ ತರಿಸಿ, ಆದಷ್ಟನ್ನು ಮತ್ತೆ ಕಟ್ಟಿಕೊಟ್ಟವಳೂ ನೀನೇ. ಆ ಕೆಲಸ ಮುಗಿದ ಮೇಲೆ, ಡಿಸ್ಕ್ ಖಾಲಿಯಿದ್ದದ್ದು ನಿನ್ನದೇ ತಪ್ಪೆಂದು ವಿನಾಯಕ ನಿನ್ನನ್ನು ಕೆಲಸದಿಂದ ತೆಗೆದ. ಮುಂದೆ ಖರಾಡಿಯ ಕಂಪನಿಯೊಂದರಿಂದ ನಿನ್ನ ಬಗ್ಗೆ ವಿಚಾರಿಸಿ ಫೋನ್ ಬಂದಾಗ ನಾನು ಅವನೆದುರೇ ಕೂತಿದ್ದೆ. ಮರಾಠಿಯಲ್ಲಿ ಹೇಳಿದ — ಹುಡುಗಿ ಜಾಣೆ, ಆದರೆ ನಿಷ್ಕಾಳಜಿ. ನಿನ್ನ ಕೆಲಸದಲ್ಲಿ ಅದಕ್ಕಿಂತ ಕೆಟ್ಟ ಮಾತಿಲ್ಲ. ಅಲ್ಲಿ ನಿನಗೆ ಕೆಲಸ ಸಿಗಲಿಲ್ಲವೆಂದು ಆಮೇಲೆ ಕೇಳಿದೆ. ಅಂದು ನನ್ನ ಮುಂದೆ ಟೀ ಇತ್ತು. ಪೂರ್ತಿ ಕುಡಿದೆ.

ಕಾನ್ವೆಂಟಿನಲ್ಲಿ ಕ್ರಿಶ್ಚಿಯನ್ ಹುಡುಗಿಯರು ಪಾಪನಿವೇದನೆಗೆಂದು ಚಾಪೆಲಿನಲ್ಲಿ ಸಾಲಾಗಿ ನಿಲ್ಲುತ್ತಿದ್ದರು. ಒಳಗೆ ಹೋಗಿ ಜಾಲರಿಯ ಕಿಟಕಿಗೆ ಏನೋ ಪಿಸುಗುಟ್ಟಿ, ಹಗುರಾಗಿ ಹೊರಬಂದು ಕುಂಟಾಬಿಲ್ಲೆ ಆಡುತ್ತಿದ್ದರು. ನಮಗೆ ಅಂಥ ಕಿಟಕಿ ಇರಲಿಲ್ಲ. ಆಗ ಹೊಟ್ಟೆಕಿಚ್ಚಾಗುತ್ತಿತ್ತು. ಈಗ ಅನಿಸುತ್ತದೆ — ಜಾಲರಿಯ ಆಚೆ ನನ್ನಿಂದ ಹೆಸರು ಕೆಟ್ಟವಳೇ ಕೂತಿದ್ದರೆ ಏನು ಹೇಳುತ್ತಿದ್ದೆ...

ಇವತ್ತು ಬೆಳಿಗ್ಗೆ ವಿನಾಯಕನನ್ನು ಮನೆಗೆ ಕರೆಸಿ ಎಲ್ಲ ಹೇಳಿದೆ. “ಈಗ್ಯಾಕ ಕಾಕು? ಮುಗದ ಹೋದ ಮಾತು. ಹೊರಗ ಗೊತ್ತಾದ್ರ ನಮ್ಮ ಹೆಸರು ಹೋಗ್ತದ” ಎಂದ. “ಆಕಿ ಹೆಸರು ಹೋಗೇದಲ್ಲೋ” ಎಂದೆ. ತಿಜೋರಿಯ ಕೀಲಿ ಅವನ ಕೈಗಿಟ್ಟೆ. ಡಿಸ್ಕ್ ಮಾತ್ರ ಕೊಡಲಿಲ್ಲ. ಎಸೆಯಿರಿ ಎಂದು ಅವನು ಹಿಂದೆಯೇ ಅದನ್ನು ನನ್ನ ಕೈಗೆ ಕೊಟ್ಟಿದ್ದ. ಅದನ್ನು ಅಳಿಸಿದ ದಿನ ಯಾವುದೆಂದು ಅದರೊಳಗೇ ದಾಖಲಾಗಿರುತ್ತದೆ, ಬಲ್ಲವರು ನೋಡಿದರೆ ಹೇಳುತ್ತಾರೆ ಎಂದು ಕೇಳಿದ್ದೆ. ಎಸೆಯಲೂ ಇಲ್ಲ, ಯಾರಿಗೂ ತೋರಿಸಲೂ ಇಲ್ಲ.

ಈ ಖಂಡೇನವಮಿಗೆ ಎಲ್ಲರೂ ಯಂತ್ರಗಳ ಮುಂದೆ ಸೇರಿದಾಗ, ಆರತಿಗೆ ಮುಂಚೆ, ಆ ಡಿಸ್ಕನ್ನು ಅವರೆದುರು ಇಡುತ್ತೇನೆ. ಮರುದಿನ ಖರಾಡಿಯ ಆ ಕಂಪನಿಗೆ ನಾನೇ ಹೋಗಿ ಹೇಳುತ್ತೇನೆ. ನೀನು ಕಳೆದುಕೊಂಡದ್ದು ಇದರಿಂದ ವಾಪಸ್ಸು ಬರುವುದಿಲ್ಲ. ನಿನ್ನಿಂದ ಉತ್ತರವನ್ನೂ ಕೇಳುತ್ತಿಲ್ಲ. ಉತ್ತರ ಕೊಡಬೇಕಾದವಳು ನಾನು. ಕೆಂಪು ಹತ್ತಿದ ಹೆಬ್ಬೆರಳು ಹಿಡಿದು ನೀನು ಕೇಳಿದ್ದೆಯಲ್ಲ —

ಹೌದು ಚೈತ್ರಾ. ಹಾಕಿದ್ದೆ.