ನಮ್ಮ ಪಾಲಿನ ಅರ್ಧ ಬಾವಿ

ಶಿವಮೊಗ್ಗದ ಹಳೇ ಬೀದಿಯೊಂದರಲ್ಲಿ ನಮ್ಮದೊಂದು ಮನೆಯಿತ್ತು. ಆ ಮನೆಯಲ್ಲಿ ಅರ್ಧ ಬಾವಿಯಿತ್ತು. ಹೀಗೆಂದರೆ ಭದ್ರಾವತಿಯಲ್ಲಿ ನನ್ನ ಅಕ್ಕಪಕ್ಕದವರು ನಗುತ್ತಾರೆ, ಅರ್ಧ ತೋಡಿ ಬಿಟ್ಟಿದ್ದರಾ ಎಂದು ಕೇಳುತ್ತಾರೆ. ಹಾಗಲ್ಲ. ಬಾವಿ ದುಂಡಗೆ ಪೂರ್ತಿಯಾಗಿಯೇ ಇತ್ತು. ಅದರ ಬಾಯಿಯ ನಡುವೆ ಉದ್ದನೆಯ ಕಲ್ಲು ಚಪ್ಪಡಿ ಹಾಸಿ, ಅದರ ಮೇಲೆ ಆಳೆತ್ತರ ಮೀರಿದ ಮಣ್ಣಿನ ಗೋಡೆ ಎಬ್ಬಿಸಿದ್ದರು. ಬೀದಿಯಿಂದ ಹಿತ್ತಲಿನವರೆಗೂ ಅದೊಂದೇ ಗೋಡೆ. ಈಚೆಗೆ ನಮ್ಮ ಮನೆ, ಆಚೆಗೆ ಪಕ್ಕದವರದು, ಎರಡೂ ಮನೆಯ ತೊಲೆಗಳು ಕೂತಿದ್ದು ಅದರ ಮೇಲೆ. ಯಾವ ಪುಣ್ಯಾತ್ಮರು ಯಾವ ಜಗಳದಲ್ಲಿ ಹಾಗೆ ಪಾಲು ಮಾಡಿಕೊಂಡಿದ್ದರೋ, ನಮ್ಮಜ್ಜ ಮನೆ ಕೊಂಡಾಗಲೇ ಅದು ಹಾಗಿತ್ತಂತೆ. ಗೋಡೆ ಎಷ್ಟೇ ಕಟ್ಟಿದರೂ ಕೆಳಗೆ ನೀರು ಮಾತ್ರ ಒಂದೇ.

ಎರಡೂ ಕಡೆ ಒಂದೊಂದು ರಾಟೆ. ಇಬ್ಬರೂ ಒಂದೇ ಹೊತ್ತಿಗೆ ಕೊಡ ಬಿಟ್ಟರೆ ಕೆಳಗೆ ಡಿಕ್ಕಿ ಹೊಡೆದು ತಾಮ್ರ ಸೊಟ್ಟಗಾಗುತ್ತದೆ, ಹಗ್ಗಕ್ಕೆ ಹಗ್ಗ ಸುತ್ತಿಕೊಳ್ಳುತ್ತದೆ. ಅದಕ್ಕೇ ಒಂದು ಕ್ರಮವಿತ್ತು. ಕೊಡ ಇಳಿಸುವ ಮುಂಚೆ "ಕೊಡ ಬಂತೇ" ಎಂದು ಕೂಗಬೇಕು. ಆಚೆಯಿಂದ "ಬರಲಿ" ಎಂದ ಮೇಲೆಯೇ ಹಗ್ಗ ಬಿಡಬೇಕು. ಅಲ್ಲಿ ಯಾರಾದರೂ ಸೇದುತ್ತಿದ್ದರೆ "ತಡಿ" ಎನ್ನುತ್ತಾರೆ, ಆಗ ಕಾಯಬೇಕು. ಎರಡೂ ಮನೆಗೆ ಬಂದ ಸೊಸೆಯಂದಿರು ಒಲೆ ಹಚ್ಚುವುದಕ್ಕಿಂತ ಮುಂಚೆ ಕಲಿಯುತ್ತಿದ್ದದ್ದು ಇದನ್ನು.

ನಮ್ಮಮ್ಮ ಮದುವೆಯಾಗಿ ಬಂದ ಹೊಸದರಲ್ಲಿ ಬಾಯಿ ಬಿಟ್ಟು ಮಾತಾಡುವುದಕ್ಕೇ ಹೆದರುತ್ತಿದ್ದಳಂತೆ. ಆದರೆ ಬಾವಿಯ ಹತ್ತಿರ ಕೂಗದೆ ಗತಿಯಿಲ್ಲವಲ್ಲ. ಹಾಗಾಗಿ ಆ ಮನೆಯಲ್ಲಿ ಅವಳು ಮೊದಲ ಸಲ ದನಿಯೆತ್ತಿ ಆಡಿದ ಮಾತು ಅಪ್ಪನಿಗಲ್ಲ, ಅಜ್ಜಿಗಲ್ಲ, ಗೋಡೆಯಾಚೆಯ ಹೆಂಗಸಿಗೆ. ಅವಳೂ ಆಗಷ್ಟೇ ಬಂದ ಸೊಸೆ. ಅವತ್ತಿನಿಂದ ಶುರುವಾದದ್ದು ಜೀವಮಾನವಿಡೀ ನಡೆಯಿತು. ಹುಳಿಗೆ ಏನು ಹಾಕಿದೆ, ಅತ್ತೆ ಏನಂದರು, ಯಾರ ಮಗಳಿಗೆ ಗಂಡು ಗೊತ್ತಾಯಿತು, ಎಲ್ಲವೂ ಬಾವಿಯ ಮೇಲೆಯೇ. ತಮಾಷೆಯೆಂದರೆ, ಮುಂಬಾಗಿಲಿನಿಂದ ಒಬ್ಬರ ಮನೆಗೊಬ್ಬರು ಹೋಗುತ್ತಿದ್ದದ್ದು ಅರಿಶಿನ ಕುಂಕುಮಕ್ಕೆ ಮಾತ್ರ. ಅಲ್ಲಿ ಎದುರುಬದುರು ಕೂತರೆ ಇಬ್ಬರಿಗೂ ಮಾತೇ ಹೊರಡುತ್ತಿರಲಿಲ್ಲ. ಸೆರಗು ಸರಿಮಾಡಿಕೊಂಡು, ಮಕ್ಕಳು ಚೆನ್ನಾಗಿದಾರಾ ಎಂದು ಹೊರಗಿನವರ ಹಾಗೆ ಕೇಳಿಕೊಂಡು ಎದ್ದು ಬರುತ್ತಿದ್ದರು.

ಆಚೆಮನೆಯ ಒಬ್ಬಳೇ ಮಗಳು ನನ್ನ ಗೆಳತಿ. ಈಗಲೂ ಅವಳೇ ಆ ಮನೆಯಲ್ಲಿರುವುದು, ಗಂಡ ಮನೆಅಳಿಯನಾಗಿ ಬಂದವರು. ನಾವಿಬ್ಬರೂ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂರುತ್ತಿದ್ದವರು, ಆದರೂ ಬಾವಿಯಲ್ಲಿ ಮುಖ ನೋಡಿಕೊಳ್ಳುವ ಖುಷಿಯೇ ಬೇರೆ. ಕಟ್ಟೆಯ ಮೇಲೆ ಹೊಟ್ಟೆಯೂರಿ ಬಗ್ಗಿದರೆ ಕೆಳಗೆ ನೀರಿನಲ್ಲಿ ನನಗೆ ಅವಳ ಮುಖ ಕಾಣುತ್ತಿತ್ತು, ಅವಳಿಗೆ ನನ್ನದು. ನಾಲಗೆ ಚಾಚಿ ಅಣಕಿಸಿಕೊಳ್ಳುತ್ತಿದ್ದೆವು. ಅವಳು ಕಿತ್ತಳೆ ಹಣ್ಣನ್ನು ಮೇಲಿನಿಂದ ಬಿಡುವಳು. ಅದು ತೇಲಿಕೊಂಡು ನಮ್ಮ ಕಡೆ ಬರುವವರೆಗೆ ಕಾದು ನಾನು ಕೊಡದಲ್ಲಿ ಎತ್ತಿಕೊಳ್ಳುತ್ತಿದ್ದೆ. ಅಮ್ಮನ ಕಣ್ಣಿಗೆ ಬಿದ್ದರೆ ಬೆನ್ನಿಗೆ ಬೀಳುತ್ತಿತ್ತು.

ಆಮೇಲೆ ಬೀದಿಗೆ ನಲ್ಲಿ ಬಂತು. ನಾನು ಮದುವೆಯಾಗಿ ಭದ್ರಾವತಿಗೆ ಬಂದೆ. ಅಮ್ಮ ಮಾತ್ರ ಕುಡಿಯುವ ನೀರನ್ನೂ ದೇವರ ನೀರನ್ನೂ ಕೊನೆಯವರೆಗೆ ಸೇದಿಯೇ ತಂದಳು. ಗೆಳತಿಯ ತಾಯಿ ತೀರಿಕೊಂಡ ಮೇಲೆ ಆಚೆಕಡೆ ಬಾವಿಗೆ ಯಾರೂ ಬರುತ್ತಿರಲಿಲ್ಲ, ಅವರ ರಾಟೆಗೆ ತುಕ್ಕು ಹಿಡಿದಿತ್ತು. ಅಮ್ಮ ಆಗಲೂ "ಕೊಡ ಬಂತೇ" ಎಂದು ಕೂಗುತ್ತಿದ್ದಳು. ಕೂಗಿ, ಉತ್ತರ ಬರುವಷ್ಟು ಹೊತ್ತು ಹಗ್ಗ ಹಿಡಿದುಕೊಂಡು ನಿಂತು, ಆಮೇಲೆ ಬಿಡುತ್ತಿದ್ದಳು. ಯಾರನ್ನ ಕರೀತೀಯಮ್ಮ ಎಂದು ತಮ್ಮ ರೇಗಿಸಿದರೆ, ಸುಮ್ನಿರೋ, ಅಭ್ಯಾಸ ಎನ್ನುತ್ತಿದ್ದಳು. ಅಮ್ಮ ಎಂದರೆ ಇವತ್ತಿಗೂ ನನಗೆ ಕಣ್ಣಿಗೆ ಕಟ್ಟುವುದು ಹಗ್ಗ ಹಿಡಿದು ನಿಂತ ಆ ಒಂದು ಗಳಿಗೆ.

ಅಮ್ಮ ಹೋದ ಮೇಲೆ ಮನೆಯಲ್ಲಿ ಕೆಲವು ವರ್ಷ ಒಬ್ಬ ಟೈಲರ್ ಬಾಡಿಗೆಗಿದ್ದ. ಅವನೂ ಬಿಟ್ಟ ಮೇಲೆ ಬೀಗ ಬಿತ್ತು.

ಹೋದ ವರ್ಷ ದೀಪಾವಳಿ ಕಳೆದ ಮೇಲೆ ತಮ್ಮ ಭದ್ರಾವತಿಗೆ ಬಂದ. ಬರುವಾಗ ಒಂದು ಮೊಳ ಮಲ್ಲಿಗೆ ತಂದಿದ್ದ. ಸುಮ್ಮನೆ ಅಕ್ಕನಿಗೆ ಹೂವು ತರುವ ಪೈಕಿಯಲ್ಲ ಅವನು, ಏನೋ ಇದೆ ಎಂದು ಆಗಲೇ ಅಂದುಕೊಂಡೆ. ಊಟವಾದ ಮೇಲೆ ಬಾಯಿಬಿಟ್ಟ. ಅವನಿರುವುದು ಶಿವಮೊಗ್ಗದ ಅಂಚಿನ ಆಲ್ಕೊಳದಲ್ಲಿ, ಬಾಡಿಗೆ ಮನೆಯಲ್ಲಿ, ಅಂಗಡಿಯಿರುವುದು ಬಜಾರಿನಲ್ಲಿ, ಹಳೇ ಮನೆಗೆ ಕೂಗಳತೆ ದೂರದಲ್ಲಿ. ಸ್ವಂತ ಜಾಗ ಇಟ್ಟುಕೊಂಡು ಇನ್ನೊಬ್ಬರ ಮನೆಯಲ್ಲಿ ಎಷ್ಟು ದಿನ ಇರುವುದು, ಹಳೆಯದನ್ನು ಕೆಡವಿ ಅಲ್ಲೇ ಕಟ್ಟಿಕೊಳ್ಳುತ್ತೇನೆ, ಮೇಲೆ ನಿನಗೂ ಒಂದು ರೂಮು ಹಾಕಿಸುತ್ತೇನೆ ಎಂದ. ರಿಪೇರಿ ಮಾಡಿಸೋ ಎಂದೆ. ತೊಲೆಗೆಲ್ಲ ಗೆದ್ದಲು, ಬಚ್ಚಲಿಗೆ ಹೋಗಬೇಕಾದರೆ ಹಿತ್ತಲು ದಾಟಬೇಕು, ಮಂಡಿನೋವಿನ ಹೆಂಡತಿಯನ್ನು ಅಲ್ಲಿ ಹೇಗಿಡಲಿ ಎಂದ. ಅವನು ಹೇಳಿದ್ದರಲ್ಲಿ ಒಂದೂ ಸುಳ್ಳಲ್ಲ, ಅದೇ ನನಗೆ ಸಿಟ್ಟು.

"ನೀನು ಹೂಂ ಅಂದ್ರೆ ಮಾತ್ರ ಅಕ್ಕ. ನಿಂಗೆ ಮನಸಿಲ್ದೆ ಒಂದು ಹೆಂಚೂ ಮುಟ್ಟಲ್ಲ ನಾನು."

ಜಗಳಕ್ಕೆ ಬಂದಿದ್ದರೆ ನಾನು ನಾಲ್ಕು ಮಾತಿಗೆ ಎಂಟು ಆಡಿ ಕಳಿಸುತ್ತಿದ್ದೆ. ಹೀಗೆ ಮೆತ್ತಗೆ ಹೇಳಿದವನಿಗೆ ಏನು ಮಾಡುವುದು? ಕೊನೆಗೆ ನನ್ನ ತುರುಪಿನ ಎಲೆ ಎಸೆದೆ. ಗೋಡೆ ಒಂದೇ ಕಣೋ, ನಮ್ಮದು ಕೆಡವಿದರೆ ಆಚೆಮನೆಯವಳ ಮನೆ ನಿಲ್ಲುತ್ತಾ, ಅವಳನ್ನು ಬೀದಿಗೆ ಹಾಕಿ ನಾವು ತಾರಸಿ ಮನೆ ಕಟ್ಟಿಕೊಳ್ಳುವುದಾ ಎಂದೆ. ಇದು ಬಾಯಿಮಾತಲ್ಲ. ಬೀಗ ಹಾಕಿದ ಮನೆಗೆ ಪ್ರತಿ ಬೇಸಿಗೆಯಲ್ಲೂ ಹೋಗಿ, ಮುಂದೆ ನಿಂತು ಒಡೆದ ಹೆಂಚು ತೆಗೆಸಿ ಬೇರೆ ಹಾಕಿಸಿ ಬರುತ್ತಿದ್ದೆ. ನಮ್ಮ ಕಡೆ ಸೋರಿದರೆ ಅವಳ ಗೋಡೆ ನೆನೆಯುತ್ತದಲ್ಲ ಎಂಬ ಕಾಳಜಿ. ನಮ್ಮನೆಯವರು ಕಾರ್ಖಾನೆಯಿಂದ ನಿವೃತ್ತರಾದ ಮೇಲೂ ಸೈರನ್ನಿನ ಹೊತ್ತಿಗೇ ತಟ್ಟೆಯ ಮುಂದೆ ಕೂರುವವರು. ಅಭ್ಯಾಸದ ಬೆಲೆ ಅವರಿಗೆ ಗೊತ್ತು. ಕೈ ತೊಳೆದುಕೊಂಡು ಬಂದವರು, ಆ ಗೋಡೆ ಬೇಕಾಗಿರೋದು ಅವಳಿಗಾ ನಿನಗಾ, ಮೊದಲು ಹೋಗಿ ಕೇಳ್ಕೊಂಡು ಬಾ ಎಂದರು.

ಕೇಳಿಯೇ ಬರುತ್ತೇನೆ ಎಂದು ಮಾರನೇ ದಿನವೇ ಶಿವಮೊಗ್ಗದ ಬಸ್ಸು ಹತ್ತಿದೆ. ಗೆದ್ದು ಬರುತ್ತೇನೆ ಎಂಬ ಹುರುಪಿತ್ತು. ಮೊದಲು ನಮ್ಮ ಮನೆಯ ಬೀಗ ತೆಗೆದೆ. ಒಳಗೆ ಹಳೇ ಬಟ್ಟೆಯ ವಾಸನೆ, ಟೈಲರ್ ಬಿಟ್ಟುಹೋದ ದಾರದ ಉಂಡೆಗಳು. ಹಿತ್ತಲಿಗೆ ಹೋಗಿ ಬಾವಿಕಟ್ಟೆಯ ಮೇಲೆ ಕೈಯಿಟ್ಟೆ. ಕೊಡ ಉಜ್ಜಿ ಉಜ್ಜಿ ಸವೆದ ಜಾಗ ಹಾಗೇ ಇತ್ತು, ನುಣ್ಣಗೆ. ಅಲ್ಲಿ ನಿಂತುಕೊಂಡೇ, ಇದನ್ನು ಕೆಡವಲು ಬಿಡುವುದಿಲ್ಲ ಎಂದು ಮನಸ್ಸಿನಲ್ಲಿ ಅಮ್ಮನಿಗೆ ಹೇಳಿದೆ.

ಆಮೇಲೆ ಬೀದಿಗೆ ಬಂದು, ಮುಂಬಾಗಿಲಿನಿಂದ ಗೆಳತಿಯ ಮನೆಗೆ ಹೋದೆ. ಅವಳು ಕಾಫಿ ಕೊಟ್ಟಳು. ನಾನು ತಮ್ಮನ ಯೋಚನೆಯನ್ನು ಒಂದು ರಾಕ್ಷಸ ಕೆಲಸವೆಂಬಂತೆ ವರ್ಣಿಸಿ, ನೀನೇನೂ ಹೆದರಬೇಡ, ನಾನಿರುವವರೆಗೆ ನಿನ್ನ ಗೋಡೆಗೆ ಕೈ ಹಚ್ಚಲು ಬಿಡುವುದಿಲ್ಲ ಎಂದೆ. ಅವಳು ಖುಷಿಯಾಗುತ್ತಾಳೆ ಎಂದು ಕಾದೆ. ಅವಳು ಲೋಟದ ಅಂಚನ್ನೇ ಒರೆಸುತ್ತಾ ಕೂತಳು.

"ಒಂದ್ ಮಾತು ಹೇಳ್ತೀನಿ ಮಾರಾಯ್ತಿ, ಬೇಜಾರು ಮಾಡ್ಕೋಬಾರ್ದು."

"ಹೇಳೇ."

"ನೀವು ಯಾವಾಗ ಕೆಡವ್ತೀರೋ ಅಂತ ನಾವು ಕಾಯ್ತಾ ಇದೀವಿ ಕಣೇ. ಗೋಡೆ ಒಂದೇ, ನಾವೊಬ್ರೇ ಕೆಡವೋ ಹಾಗಿಲ್ಲ. ನಿಮ್ಮಮ್ಮ ಬಾಳಿದ ಮನೆ. ನೀನು ಪ್ರತಿ ವರ್ಷ ಬಂದು ಹೆಂಚು ಹಾಕಿಸೋದು ನೋಡಿ, ಹೇಗಪ್ಪಾ ಕೇಳೋದು ಅಂತ ಬಾಯಿ ಬಿಡಲಿಲ್ಲ."

ನನ್ನನ್ನು ಕೈಹಿಡಿದು ಒಳಗೆ ಕರೆದುಕೊಂಡು ಹೋದಳು. ಪ್ರತಿ ಬೇಸಿಗೆ ಬಂದರೂ ಪಡಸಾಲೆಯಲ್ಲೇ ಕಾಫಿ ಕುಡಿದು ಎದ್ದುಹೋಗುತ್ತಿದ್ದ ನಾನು ಅಷ್ಟು ಒಳಗೆ ಕಾಲಿಟ್ಟಿರಲಿಲ್ಲ. ನಡುಮನೆಯಲ್ಲಿ ಗೋಡೆ ಬಸುರಿಯ ಹೊಟ್ಟೆಯಂತೆ ಉಬ್ಬಿತ್ತು. ಅದರ ಹತ್ತಿರ ಮಲಗುವ ಧೈರ್ಯವಿಲ್ಲದೆ ಗಂಡ ಹೆಂಡತಿ ಇಬ್ಬರೂ ಬಾಗಿಲ ಪಕ್ಕದ ಪಡಸಾಲೆಯಲ್ಲಿ ಮಲಗುತ್ತಿದ್ದರು. ಸೋರುವ ಕಡೆಯಲ್ಲೆಲ್ಲ ಬಕೆಟ್ಟು, ಪಾತ್ರೆ. ಆ ಉಬ್ಬಿದ ಗೋಡೆಗೆ ಇವಳೂ ಪ್ರತಿ ವರ್ಷ ಮಣ್ಣು ಮೆತ್ತಿಸಿ ಸುಣ್ಣ ಹೊಡೆಸುತ್ತಿದ್ದಳಂತೆ. ಯಾಕೆ ಎಂದು ಕೇಳಿದೆ. ನಮ್ಮ ಕಡೆಯಿಂದ ಬಿದ್ದರೆ ನಿನ್ನ ಮನೆ ಹೋಗುತ್ತದಲ್ಲೇ ಎಂದಳು.

ದಾಕ್ಷಿಣ್ಯಕ್ಕೆ ಬಸುರಾದರೆ ಹೆರುವುದಕ್ಕೆ ಜಾಗವಿಲ್ಲ ಎಂದು ಅಮ್ಮ ಹೇಳುತ್ತಿದ್ದಳು. ಅಮ್ಮನ ಮಾತು ಬೇರೆಯವರಿಗೆ ಎಂದುಕೊಂಡಿದ್ದೆ. ಅವಳಿಗೋಸ್ಕರ ನಾನು, ನನಗೋಸ್ಕರ ಅವಳು, ಇಬ್ಬರೂ ಸೇರಿ ಯಾರಿಗೂ ಬೇಡದ ಗೋಡೆಯೊಂದನ್ನು ಆನಿಸಿಕೊಂಡು ನಿಂತಿದ್ದೆವು. ಮೊದಲು ಸಿಟ್ಟು ಬಂತು. ಇಷ್ಟು ವರ್ಷ ಬಾಯಿಗೆ ಏನಾಗಿತ್ತೇ ನಿನಗೆ ಎಂದು ಬೈದೆ. ನಿನಗೇನಾಗಿತ್ತು ಎಂದು ಅವಳೂ ಬೈದಳು. ಆಮೇಲೆ ಇಬ್ಬರಿಗೂ ನಗು ಬಂತು. ಅವಳ ಗಂಡ ಬಂದು ಇಣುಕಿ ನೋಡಿ, ಏನೂ ತಿಳಿಯದೆ ವಾಪಸು ಹೋದರು.

ನಗು ನಿಂತ ಮೇಲೆ ನನಗೆ ತಿಳಿಯಿತು, ಇನ್ನು ನನ್ನ ಕೈಯಲ್ಲಿ ಯಾವ ಎಲೆಯೂ ಇಲ್ಲ ಎಂದು. ಉಳಿಸಿ ಎನ್ನಬೇಕಾದರೆ, ನನಗೆ ಬೇಕು, ಅದಕ್ಕೆ ಉಳಿಸಿ ಎನ್ನಬೇಕಿತ್ತು. ಉಬ್ಬಿದ ಗೋಡೆಯ ಕೆಳಗೆ ಇವಳನ್ನಿಟ್ಟು ಹಾಗೆನ್ನುವುದು ಹೇಗೆ? ಅಲ್ಲಿಂದಲೇ ತಮ್ಮನಿಗೆ ಫೋನ್ ಮಾಡಿ ಹೂಂ ಎಂದೆ. ಅವನು ಎರಡು ಸಲ ಕೇಳಿ ಖಚಿತ ಮಾಡಿಕೊಂಡ.

ಬಾವಿಯನ್ನೇನು ಮಾಡುವುದು ಎಂಬ ಮಾತು ಬಂತು. ಇಬ್ಬರ ಪಾಯವೂ ಅದರ ಅಂಚಿಗೇ ಬರುತ್ತಿತ್ತು, ಮುಚ್ಚದೆ ವಿಧಿಯಿರಲಿಲ್ಲ. ಮುಚ್ಚುವ ಮುಂಚೆ ನಾವಿಬ್ಬರೂ ಒಂದೊಂದು ಕೊಡ ನೀರು ಸೇದಿ ಹೊಸ ಪಾಯಕ್ಕೆ ಹಾಕಬೇಕು ಎಂದಳು ಗೆಳತಿ. ಅಷ್ಟಾದರೂ ಆಗಲಿ ಎಂದೆ.

ಬೇಸಿಗೆಯಲ್ಲಿ ಎರಡೂ ಮನೆ ಒಟ್ಟಿಗೆ ಇಳಿದವು. ನಾನು ನೋಡಲು ಹೋಗಲಿಲ್ಲ. ಬಾವಿಯ ಕೆಲಸದ ದಿನ ಮಾತ್ರ ಅಮ್ಮನ ತಾಮ್ರದ ಕೊಡ ಉಜ್ಜಿಕೊಂಡು, ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ನಾನು ತಲುಪುವಷ್ಟರಲ್ಲಿ ಬಾವಿಗೆ ಹಲಗೆ ಮುಚ್ಚಿ, ಮೇಲಿನ ಗೋಡೆಯನ್ನು ಹೆಂಟೆ ಹೆಂಟೆಯಾಗಿ ಇಳಿಸಿ, ಕಲ್ಲು ಚಪ್ಪಡಿಯನ್ನೂ ಎತ್ತಿ ಪಕ್ಕಕ್ಕಿಟ್ಟಿದ್ದರು. ಎರಡು ರಾಟೆಗಳು ಮಾತ್ರ ತಮ್ಮ ಕಲ್ಲುಕಂಬಗಳ ಮೇಲೆ ಇದ್ದವು. ಹಲಗೆ ಸರಿಸಿದಾಗ ಬಾವಿ ದುಂಡಗೆ ಬಿಸಿಲಿಗೆ ಬಾಯಿ ತೆರೆದುಕೊಂಡಿತು. ಹುಟ್ಟಿದಾಗಿನಿಂದ ನಾನು ಅದನ್ನು ಪೂರ್ತಿಯಾಗಿ ನೋಡಿರಲಿಲ್ಲ. ಇಷ್ಟು ಸಣ್ಣದಿತ್ತೇ ಅನ್ನಿಸಿತು.

ಗೆಳತಿ ಆಚೆ ನಿಂತಿದ್ದಳು, ಕೈಯಲ್ಲಿ ಅವಳ ತಾಯಿಯ ಕೊಡ. ಅವಳ ಮುಖಕ್ಕಾಗಿ ನಾನು ನೀರಿನೊಳಗೆ ಬಗ್ಗಿ ನೋಡಿದೆ. ನೀರಿನ ಮೇಲೆ ಮಣ್ಣಿನ ಪುಡಿ ಕೆನೆಗಟ್ಟಿತ್ತು, ಏನೂ ಕಾಣಲಿಲ್ಲ. ತಲೆಯೆತ್ತಿದರೆ ಎದುರಿಗೇ ಇದ್ದಳು. ಕೂದಲು ಬೆಳ್ಳಗಾಗಿದೆ, ಕನ್ನಡಕ ಮೂಗಿನ ತುದಿಗೆ ಬಂದಿದೆ. ಕಟ್ಟೆಗೆ ಅರಿಶಿನ ಕುಂಕುಮ ಹಚ್ಚಿ ಕೈಮುಗಿದೆವು. ಕೊಡಕ್ಕೆ ಹಗ್ಗ ಬಿಗಿದೆವು. ಒಬ್ಬರ ಮುಖ ಒಬ್ಬರು ನೋಡಿಕೊಂಡೆವು, ಇಳಿಸಿದೆವು.

ಕೆಳಗೆ ಠಣ್ಣೆಂದಿತು.

ನಮ್ಮಮ್ಮಂದಿರು ಜೀವಮಾನವಿಡೀ ಆಗಗೊಡದ ಸದ್ದು ಅದು. ಇಬ್ಬರೂ ಹಗ್ಗ ಹಿಡಿದುಕೊಂಡು ಹಾಗೇ ನಿಂತೆವು.

"ಕೂಗ್ಬಾರ್ದಿತ್ತೇನೇ?" ಎಂದಳು.

"ಎದುರಿಗೇ ಇದ್ಯಲ್ಲ ಮಾರಾಯ್ತಿ, ಏನಂತ ಕೂಗ್ಲಿ?" ಎಂದೆ.

ಮನೆ ಬಿದ್ದಾಗ ಬಾರದ ಅಳು ಆಗ ಬಂತು, ಕೆಲಸದವರ ಮುಂದೆಯೇ ಅತ್ತುಬಿಟ್ಟೆ. ಕಣ್ಣೊರೆಸಿಕೊಂಡು ನೋಡಿದರೆ ಅವಳು ಇನ್ನೂ ಕೊಡ ಎತ್ತಿರಲಿಲ್ಲ. ಹಗ್ಗ ಹಿಡಿದುಕೊಂಡು, ಆಚೆಯಿಂದ ಯಾರೋ ಏನೋ ಹೇಳಲಿ ಎಂದು ಕಾಯುವವಳ ಹಾಗೆ ನಿಂತಿದ್ದಳು. ಬರಲಿ ಎಂದೆ. ಆಮೇಲೆ ಸೇದಿದಳು.